ಪಿಳ್ಳಪ್ಪನ ಪುಸ್ತಕದಲ್ಲಿಲ್ಲದ ಅಧ್ಯಾಯ

ಮೊನ್ನೆ ಬೆಳಿಗ್ಗೆ ನನ್ನ ಮಗಳು ಹೊಲಿಗೆ ಯಂತ್ರವನ್ನು ಬಿಚ್ಚಿ ಹಾಕಿಕೊಂಡು, ಹಳೆಯ ಬ್ರಷ್ಷೊಂದನ್ನು ಸೀಮೆಎಣ್ಣೆಯಲ್ಲಿ ಅದ್ದಿ ಅದರ ಸಂದುಗೊಂದುಗಳನ್ನು ಉಜ್ಜುತ್ತ ಕೂತಿದ್ದಳು. ಆ ವಾಸನೆ ಮೂಗಿಗೆ ಬಿದ್ದದ್ದೇ ತಡ, ನಾನು ಬಂಗಾರಪೇಟೆಯ ಹಳೆಯ ಅಚ್ಚುಕೂಟವೊಂದರ ಹೊಸ್ತಿಲ ಮೇಲಿದ್ದೆ. ಅಲ್ಲಿ ಅಚ್ಚಿನ ಮೊಳೆಗಳನ್ನು ಹೀಗೇ ಸೀಮೆಎಣ್ಣೆಯಲ್ಲಿ ತೊಳೆಯುತ್ತಿದ್ದರು. ಸೀಮೆಎಣ್ಣೆಯ ವಾಸನೆಗೆ ನಿಮಗೆ ಏನು ನೆನಪಾಗುತ್ತದೋ ತಿಳಿಯದು. ನನಗೆ ನೆನಪಾಗುವುದು ಹೊಟ್ಟೆಕಿಚ್ಚು. ಈ ವಯಸ್ಸಿನಲ್ಲಿ ಒಪ್ಪಿಕೊಳ್ಳಲು ಏನಡ್ಡಿ? ಆ ಹೊಟ್ಟೆಕಿಚ್ಚಿಗೆ ಪಿಳ್ಳಪ್ಪ ಎಂಬ ಹೆಸರೂ ಇತ್ತು.

ಐವತ್ತರ ದಶಕದ ಮಾತು. ನಾನು ಚಿನ್ನದ ಗಣಿಯ ಊರಿಗಾಂನಲ್ಲಿ ಕನ್ನಡ ಮೇಷ್ಟ್ರು, ಮನೆ ಬಂಗಾರಪೇಟೆಯಲ್ಲಿ. ಪಂಡಿತ ಪರೀಕ್ಷೆ ಪಾಸಾದ ಗರ್ವ ಬೇರೆ. ಗಂಗರಸರ ಮೇಲೆ ಒಂಬತ್ತು ವರ್ಷದಿಂದ ಕಾದಂಬರಿ ಬರೆಯುತ್ತಿದ್ದೆ. ಒಬ್ಬ ಪ್ರಕಾಶಕರಿಗೆ ಕಳಿಸಿದ ಹಸ್ತಪ್ರತಿ ಆರು ತಿಂಗಳಾದ ಮೇಲೆ ಹಿಂದಕ್ಕೆ ಬಂದಾಗ, ನಾನು ಬಿಗಿದಿದ್ದ ದಾರದ ಗಂಟು ಬಿಗಿದ ಹಾಗೆಯೇ ಇತ್ತು. ಪಿಳ್ಳಪ್ಪನಾದರೋ ಬೇತಮಂಗಲದ ಕಡೆಯ ಬೇಸಾಯಗಾರರ ಮಗ, ಮೈಸೂರು ಮೈನ್ಸಿನಲ್ಲಿ ಗುಮಾಸ್ತೆ. ಆತ ಯಾವ ಪ್ರಕಾಶಕನ ಬಾಗಿಲನ್ನೂ ತಟ್ಟಿದವನಲ್ಲ. ತಾನೇ ಬರೆದು, ತಾನೇ ಅಚ್ಚು ಹಾಕಿಸಿ, ಹೆಗಲ ಚೀಲದಲ್ಲಿಟ್ಟುಕೊಂಡು ತಾನೇ ಮಾರುತ್ತಿದ್ದ.

ಏನೇನು ಬರೆದ ಅಂತೀರಿ! ಕನ್ನಡಕ ಕಳಕೊಂಡ ಪತ್ತೇದಾರನ ಕಥೆ ಒಂದು. ಒಂದೇ ಬದನೆಕಾಯಿಯಲ್ಲಿ ವಾರವಿಡೀ ಅಡಿಗೆ ಮಾಡುವ ಪಾಕಶಾಸ್ತ್ರ. ಹರಿಕಥೆಯ ಧಾಟಿಯಲ್ಲಿ ತಿಗಣೆಗಳ ಪುರಾಣ. ಮುನಿಸಿಕೊಂಡ ಅಳಿಯನಿಗೆ ಪತ್ರ ಬರೆಯುವ ಕ್ರಮ. ದೆವ್ವದ ಕಥೆಯಲ್ಲಿ ದೆವ್ವವೇ ಮನುಷ್ಯರಿಗೆ ಹೆದರಿ ವರ್ಗ ಕೇಳುತ್ತದೆ. ಒಂದು ಜಾತಿಯ ಪುಸ್ತಕಕ್ಕೆ ಅಂಟಿಕೊಳ್ಳುವ ಶಿಸ್ತು ಅವನಿಗಿರಲಿಲ್ಲ. ಸಂಧಿ ಸಮಾಸದ ಗೊಡವೆಯಂತೂ ಕೇಳಲೇಬೇಡಿ. ಆದರೂ ಜನ ಓದುತ್ತಿದ್ದರು. ಜನರ ಮಾತು ಹಾಗಿರಲಿ, ನನ್ನ ಕಾದಂಬರಿಯ ಎರಡನೇ ಪುಟಕ್ಕೇ ತೂಕಡಿಸಿದ ನನ್ನ ಹೆಂಡತಿ ತಿಗಣೆ ಪುರಾಣವನ್ನು ಅಕ್ಕಿ ಡಬ್ಬದ ಹಿಂದೆ ಬಚ್ಚಿಟ್ಟುಕೊಂಡು, ಅಡಿಗೆಮನೆಯಲ್ಲಿ ಒಬ್ಬಳೇ ನಗುತ್ತಿದ್ದಳು. ಕೈಲಾಗದವನು ಮೈಯೆಲ್ಲಾ ಪರಚಿಕೊಂಡನಂತೆ. ನಾನು ಅಂದು ಊಟ ಬೇಡವೆಂದೆ. ಅವಳು ಯಾಕೆಂದು ಕೇಳಲಿಲ್ಲ, ಇನ್ನೂ ಪುಸ್ತಕ ಮುಗಿದಿರಲಿಲ್ಲವಲ್ಲ.

ಪಿಳ್ಳಪ್ಪ ಬರೆಯುವ ರೀತಿಯೇ ವಿಚಿತ್ರ. ಶನಿವಾರ ಮಧ್ಯಾಹ್ನದ ರೈಲಿನಲ್ಲಿ ನಾನು ಮನೆಗೆ, ಅವನು ಅಚ್ಚುಕೂಟಕ್ಕೆ. ಪಾಳಿ ಮುಗಿಸಿದ ಗಣಿಯವರು ಡಬ್ಬಿಯ ತುಂಬ ಇರುತ್ತಿದ್ದರು. ರೈಲು ಊರಿಗಾಂ ಬಿಟ್ಟ ಕೂಡಲೇ ಅವನು ಆ ವಾರ ಬರೆದದ್ದನ್ನು ಗಟ್ಟಿಯಾಗಿ ಓದುತ್ತಿದ್ದ. ಮೊದಲು ಕನ್ನಡದವರು ನಗುತ್ತಿದ್ದರು. ಅವನು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ. ಪಕ್ಕದಲ್ಲಿದ್ದ ತಮಿಳಿನವರು “ಎನ್ನ ಸೊಲ್ರಾರು?”, ಏನಂತಾರೆ, ಎಂದು ಕೇಳಿ, ಯಾರೋ ಅವರಿಗೆ ತಮಿಳಿನಲ್ಲಿ ಬಿಡಿಸಿ ಹೇಳಿ, ಅಲ್ಲಿಂದ ಎರಡನೇ ನಗು ಏಳಬೇಕು. ಮುಂದಿನ ನಿಲ್ದಾಣ ಕೋರಮಂಡಲ್ ಬರುವಷ್ಟರಲ್ಲಿ ಅದು ಏಳದಿದ್ದರೆ ಆ ಪುಟಕ್ಕೆ ಅಡ್ಡಗೆರೆ.

“ಮೊದ್ಲು ನಗೋರು ನಮ್ಮೋರು ಮೇಷ್ಟ್ರೇ, ಮರ್ವಾದೆಗೂ ನಗ್ತಾರೆ. ಆ ತಮಿಳಿನ ಆಯಮ್ಮ ನಕ್ಳು ನೋಡಿ, ಅದು ನಗು” ಎನ್ನುತ್ತಿದ್ದ. ನಾನು ಕಿಟಕಿಯ ಕಡೆ ತಿರುಗಿ ಕೂರುತ್ತಿದ್ದೆ. ಒಂದು ಭಾಷೆಯಿಂದ ಇನ್ನೊಂದಕ್ಕೆ ದಾಟುವ ಒಂದು ವಾಕ್ಯವೂ ನನ್ನ ಒಂಬತ್ತು ವರ್ಷದಲ್ಲಿರಲಿಲ್ಲ.

ಇಷ್ಟೆಲ್ಲ ಇದ್ದರೂ ಅವನ ಪುಸ್ತಕಗಳ ಪ್ರೂಫ್ ತಿದ್ದುತ್ತಿದ್ದವನು ನಾನೇ. ಅವನು ಅದನ್ನು ಉಪಕಾರವೆಂದುಕೊಂಡಿದ್ದ. ಅವನ ತಪ್ಪುಗಳಿಗೆ ಗುರುತು ಹಾಕುವುದರಲ್ಲಿ ನನಗೆ ಎಂಥ ಸುಖವಿತ್ತೆಂದು ಅವನಿಗೇನು ಗೊತ್ತು!

ಅರವತ್ತನೇ ಇಸವಿ ದಾಟಿದ ಮೇಲೆ ಅವನೊಂದು ಪ್ರವಾಸ ಕಥನ ಬರೆದ. ಜನ ವಿಲಾಯಿತಿಗೆ ಹೋಗಿ ಬಂದು ಬರೆಯುತ್ತಿದ್ದ ಕಾಲ. ಇವನದು ಬೇತಮಂಗಲದಿಂದ ಊರಿಗಾಂವರೆಗಿನ ಪ್ರವಾಸ. ಒಂದು ಶನಿವಾರ ಅದರ ಪ್ರೂಫಿನಲ್ಲಿ ಒಂದು ಅಧ್ಯಾಯವನ್ನು ಬೇರೆ ಮಾಡಿ ನನ್ನ ಕೈಗಿಟ್ಟ. ಮುಖ ಎಂದಿನಂತಿರಲಿಲ್ಲ.

“ಇದು ನಮ್ಮಪ್ಪನ ಇಸ್ಯ ಮೇಷ್ಟ್ರೇ. ಓದ್ವರ್ಸ ಓಗ್ಬುಟ್ರಲ್ಲ. ರೈಲ್ನಾಗೆ ಓದಕ್ಕೆ ನಾಲ್ಗೆ ಏಳ್ಲಿಲ್ಲ. ನೀವು ತಿಳ್ದೋರು. ಅಪ್ಪನ್ನ ಆಡ್ಕೊಂಡಂಗೆ ಐತಾ ಅಂತ ನೋಡಿ ಯೋಳಿ. ಅಂಗಿದ್ರೆ ಬ್ಯಾಡ.”

ಅಚ್ಚುಕೂಟದ ಬೆಂಚಿನ ಮೇಲೆ ಕೂತು ಓದಿದೆ. ಮುದುಕ ಮೊದಲ ಸಲ ಮಗನ ಮನೆಗೆ ಊರಿಗಾಂಗೆ ಬರುತ್ತಾನೆ. ಗಣಿಯವರ ಲೈನು ಮನೆಗಳ ಸಾಲಿನ ಕೊನೆಯಲ್ಲಿ ಕೊಳಾಯಿ ಸುರಿಯುತ್ತಿದೆ. ಎಲ್ಲಿಯ ನೀರೆಂದು ಕೇಳುತ್ತಾನೆ. ಬೇತಮಂಗಲದ್ದು ಎನ್ನುತ್ತಾರೆ. “ನಮ್ ಕೆರೆ ನೀರಾ? ಯಾರನ್ನ ಕೇಳಿ ತಂದ್ರಿ?” ಎಂದು ಅಲ್ಲೇ ಕಲ್ಲಿನ ಮೇಲೆ ಕೂತುಬಿಡುತ್ತಾನೆ. ಬಿಂದಿಗೆ ಹಿಡಿದು ಬಂದ ತಮಿಳು ಹೆಂಗಸಿಗೆ ಅವನ ಮಾತು ಅರ್ಥವಾಗದಿದ್ದರೂ ಮೀಸೆ ಅರ್ಥವಾಗುತ್ತದೆ. ಕೈಸನ್ನೆಯಲ್ಲೇ ಅಪ್ಪಣೆ ಕೇಳುತ್ತಾಳೆ. “ಇಡ್ಕೋ ತಾಯಿ, ಚೆಲ್ಬೇಡ” ಎನ್ನುತ್ತಾನೆ ಮುದುಕ. ಮರುದಿನದಿಂದ ಲೈನಿನ ಹೆಂಗಸರೆಲ್ಲ ಅವನನ್ನು ಕೇಳಿಯೇ ನೀರು ಹಿಡಿಯುತ್ತಾರೆ. ಸಾಲಿನ ಜಗಳಗಳು ಅವನ ಮುಂದೆ ಪಂಚಾಯಿತಿಗೆ ಬರುತ್ತವೆ. ಅವನು ಹೊರಟ ದಿನ ಎಲ್ಲರೂ ಬಸ್ಸಿನ ಹತ್ತಿರ ಬಂದು, ನಾಳೆಯಿಂದ ಯಾರನ್ನು ಕೇಳಬೇಕು ಎನ್ನುತ್ತಾರೆ. ಮುದುಕ ಬಸ್ಸಿನ ಮೆಟ್ಟಿಲ ಮೇಲೆ ನಿಂತು ತಿರುಗುತ್ತಾನೆ. “ಕೇಳ್ಬೇಡಿ ತಾಯೀ, ತುಂಬ್ಕೊಳ್ಳಿ. ಕೆರೆಗೆ ನಾನ್ ಯೋಳ್ತೀನಿ.”

ನಾನು ಬಿದ್ದು ಬಿದ್ದು ನಕ್ಕೆ. ಆಮೇಲೆ ಕಣ್ಣು ಒರೆಸಿಕೊಂಡೆ. ಅದು ನಗುವಿನ ನೀರಾಗಿರಲಿಲ್ಲ. ಇಂಥ ಒಂದು ಪುಟವನ್ನು ನಾನು ಜನ್ಮದಲ್ಲಿ ಬರೆಯಲಾರೆನೆಂದು ಆ ಬೆಂಚಿನ ಮೇಲೆ ನನಗೆ ಖಚಿತವಾಗಿ ತಿಳಿಯಿತು.

ಪಿಳ್ಳಪ್ಪ ಬೀದಿಯಲ್ಲಿ ನಿಂತು ಕಾಯುತ್ತಿದ್ದ. ಅವನ ಹತ್ತಿರ ಹೋಗಿ ಹೇಳಿದೆ: “ನಗು ಬರುತ್ತದೆ ಪಿಳ್ಳಪ್ಪ. ಆದರೆ ಸತ್ತ ತಂದೆಯನ್ನು ನಾಲ್ಕು ಜನರ ಮುಂದೆ ಕೋಡಂಗಿ ಮಾಡಿದ ಹಾಗಿದೆ.”

“ಅಂಗಾ ಮೇಷ್ಟ್ರೇ?”

“ಹಾಗೆಯೇ.”

ಅವನು ತಲೆ ತಗ್ಗಿಸಿದ. “ನೀವ್ ಯೋಳಿದ್ದು ಒಳ್ಳೇದಾತು. ಇಲ್ದಿದ್ರೆ ಪಾಪ ಸುತ್ಕಂತಿತ್ತು” ಎಂದು ಒಳಗೆ ಹೋಗಿ, ಆ ಪುಟಗಳನ್ನು ಬಿಚ್ಚಿಬಿಡಲು ಹೇಳಿದ. ಮೊಳೆ ಜೋಡಿಸುವವನು ಒಂದು ವಾರ ಕೂತು ಕಟ್ಟಿದ ಅಧ್ಯಾಯ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಮೊಳೆಯಕ್ಷರಗಳು ಪೆಟ್ಟಿಗೆಯ ತಂತಮ್ಮ ಮನೆಗಳಿಗೆ ಬೀಳುವ ಸದ್ದು ಕೇಳುತ್ತ ನಿಂತಿದ್ದೆ. ಬೇಡ ಅನ್ನಲು ಬೇಕಾದಷ್ಟು ಹೊತ್ತಿತ್ತು. ಅನ್ನಲಿಲ್ಲ.

ಪುಸ್ತಕ ಬಂತು. ಮುನ್ನುಡಿಯಲ್ಲಿ, ಮಗನ ಮರ್ಯಾದೆ ಉಳಿಸಿದ ಮೇಷ್ಟ್ರಿಗೆ ನಮಸ್ಕಾರ ಎಂದು ಅಚ್ಚಾಗಿತ್ತು. ಆಮೇಲೂ ಅವನು ಹಲವು ಪುಸ್ತಕ ಬರೆದ. ತನ್ನ ಮನೆಯವರ ಬಗ್ಗೆ ಮಾತ್ರ ಒಂದಕ್ಷರ ಬರೆಯಲಿಲ್ಲ. ಅವನು ಕಣ್ಮುಚ್ಚುವವರೆಗೂ ನಾನು ನಿಜ ಹೇಳಲಿಲ್ಲ.

ಪಿಳ್ಳಪ್ಪ ಹರಿದು ಹಾಕಿ ಎಂದಿದ್ದ ಆ ಅಧ್ಯಾಯದ ಪ್ರೂಫನ್ನು ನಾನು ಹರಿಯಲಿಲ್ಲ. ಮನೆಗೆ ತಂದು ಓದಿ ಓದಿ ಬಾಯಿಪಾಠವಾಯಿತು. ನನ್ನ ಬೀಳ್ಕೊಡುಗೆಯ ಸಭೆಯಲ್ಲಿ ಏನು ಮಾತಾಡಬೇಕೆಂದು ತೋಚದೆ ಆ ಕೊಳಾಯಿಯ ಮುದುಕನ ಕಥೆ ಹೇಳಿದೆ. “ನಮ್ಮ ತಂದೆ ಒಂದು ಸಲ” ಎಂದು ಶುರು ಮಾಡಿದ್ದೆ. ಮೊದಲು ಕನ್ನಡದವರು ನಕ್ಕರು. ಒಂದು ನಿಮಿಷ ಬಿಟ್ಟು ಹಿಂದಿನ ಸಾಲಿನ ತಮಿಳಿನವರಿಂದ ಎರಡನೇ ನಗು ಬಂತು. ಆ ಸುಖವನ್ನು ನಾನು ಮರೆಯಲಾರೆ, ನಾಚಿಕೆಯನ್ನೂ.

ಆವತ್ತಿನಿಂದ ನಮ್ಮ ಮನೆಯಲ್ಲಿ ಆ ಮುದುಕನೇ ತಾತ. ಮೊನ್ನೆ ಯಂತ್ರ ಉಜ್ಜುತ್ತಲೇ ಮಗಳು, “ನಮ್ಮ ಬೀದೀಲಿ ನೀರು ಬಿಟ್ಟಾಗ ತಾತನ ಕಥೆ ಹೇಳ್ದೆ ಅಪ್ಪಾ, ಎಲ್ಲಾರೂ ನಕ್ಕಿದ್ದೇ ನಕ್ಕಿದ್ದು” ಎಂದಳು. ಸುಮ್ಮನಿರಬಹುದಿತ್ತು. ಏಕೋ ಆಗಲಿಲ್ಲ. “ಅವರು ನಿನ್ನ ತಾತ ಅಲ್ಲಮ್ಮ, ಪಿಳ್ಳಪ್ಪನ ಅಪ್ಪ” ಎಂದು ಎಲ್ಲವನ್ನೂ ಹೇಳಿದೆ.

ಅವಳು ಬ್ರಷ್ಷನ್ನು ಕೆಳಗಿಟ್ಟಳು. ಬೈಯಲಿಲ್ಲ. “ಮತ್ತೆ ನಮ್ಮ ತಾತ ಹೆಂಗಿದ್ರು?” ಎಂದಳು.

ನಮ್ಮ ತಂದೆ ನನಗೆ ಮೂವತ್ತು ತುಂಬುವವರೆಗೂ ಇದೇ ಮನೆಯಲ್ಲಿದ್ದರು. ಅವರು ಹೇಗೆ ನಗುತ್ತಿದ್ದರು, ಸಿಟ್ಟು ಬಂದರೆ ಏನನ್ನುತ್ತಿದ್ದರು, ಒಂದೂ ನೆನಪಿಗೆ ಬರಲಿಲ್ಲ. ಪಿಳ್ಳಪ್ಪನದಾದರೆ ಹೇಳಬಲ್ಲೆ: ಓದುವ ಮುಂಚೆ ಪುಟವನ್ನು ಮೊಣಕಾಲಿನ ಮೇಲೆ ಎರಡು ಸಲ ತೀಡುತ್ತಿದ್ದ, ನಗು ಬರುವ ಸಾಲಿಗೆ ಮುಂಚೆ ಎಡಗಿವಿ ಮುಟ್ಟಿಕೊಳ್ಳುತ್ತಿದ್ದ, ಅಂಗಿಯ ಮೂರನೇ ಗುಂಡಿ ಬೇರೆ ಬಣ್ಣದ್ದು. ಮಗಳು ಇನ್ನೂ ನನ್ನ ಮುಖವನ್ನೇ ನೋಡುತ್ತಿದ್ದಳು. “ನಾನು ಅವರನ್ನು ಸರಿಯಾಗಿ ನೋಡಲೇ ಇಲ್ಲ ಕಣಮ್ಮ” ಎಂದೆ.