ಕೋರಿಗಳಿಗೆ ಬಂದ ಹೊಳಪು

"ನನ್ನ ಕಣ್ಣು ತಪ್ಪಿಸಿ ಈ ಮನೆಯಿಂದ ಸೊಳ್ಳೆ ಕೂಡ ಒಂದು ತೊಟ್ಟು ರಕ್ತ ಹೊರಗೆ ಒಯ್ಯಲಾರದು" ಎಂದು ಪ್ರಾಗಜೀಭಾಯ್ ಹೇಳುತ್ತಿದ್ದ. ನಮ್ಮ ಮಾಂಡವಿ ಬಂದರಿನಲ್ಲಿ ಈ ಮಾತನ್ನು ಯಾರೂ ಅಲ್ಲಗಳೆಯುತ್ತಿರಲಿಲ್ಲ. ಅಲ್ಲಗಳೆದವನನ್ನು ಕೂರಿಸಿಕೊಂಡು ಮಧ್ಯಾಹ್ನದ ಮಜ್ಜಿಗೆಯಿಂದ ಸಂಜೆಯ ಚಹದವರೆಗೆ ಸಾಕ್ಷಿ ಸಮೇತ ವಾದಿಸುವ ಮನುಷ್ಯ ಅವನು. ಕಣ್ಣಿನಂತೆಯೇ ಕಿವಿ. ಕಲ್ಲಿನ ಮೇಲೆ ನಾಣ್ಯ ಬಿದ್ದ ಸದ್ದು ಕೇಳಿದರೆ ಸಾಕು, ಅದರಲ್ಲಿ ಬೆಳ್ಳಿ ಎಷ್ಟು, ತಾಮ್ರ ಎಷ್ಟು, ಬೀಳಿಸಿದವನ ಮನಸ್ಸಿನಲ್ಲಿ ಕಪಟ ಎಷ್ಟು ಎಂದು ಹೇಳಿಬಿಡುವನು. ಒಮ್ಮೆ ಹಿಂದಿನ ಬೀದಿಯಲ್ಲಿ ಯಾರದೋ ಜೇಬಿನಿಂದ ನಾಣ್ಯವೊಂದು ಬಿದ್ದಾಗ ಇವನು ನಿದ್ದೆಯಲ್ಲೇ ಮಗ್ಗುಲಾಗಿ "ಖೋಟಾ" ಎಂದನಂತೆ. ನಾನು ಇದನ್ನು ಅವನ ಬಾಯಿಂದಲೇ ಕೇಳಿದ್ದು, ಆದ್ದರಿಂದ ಅರ್ಧದಷ್ಟಾದರೂ ನಿಜವಿರಬೇಕು.

ನಾನು ಎದುರು ಮನೆಯವನು. ಇಲ್ಲಿನ ಶಾಲೆಯಲ್ಲಿ ಭೂಗೋಳ ಕಲಿಸಿ ನಿವೃತ್ತನಾದವನು. ಪ್ರಾಗಜೀಭಾಯ್‌ಗೆ ಹಡಗು ಕಟ್ಟುವ ನದೀದಂಡೆಯಲ್ಲಿ ಹಗ್ಗದ ಅಂಗಡಿ ಇತ್ತು. ನಾವಿಕರು ಹಗ್ಗ ಕೊಂಡು, ರೂಪಾಯಿ ಸಾಲದೆ ಬಂದರೆ, ಯಾವುದೋ ಬಂದರಿನ ಚಿಲ್ಲರೆಯನ್ನು ಅವನ ಗಲ್ಲಾಪೆಟ್ಟಿಗೆಗೆ ಸುರಿದು ಹೋಗುತ್ತಿದ್ದರು. ಹಾಗೆ ಹತ್ತಿದ ಹುಚ್ಚು. ಅಂಗಡಿ ಮಗನ ಕೈಗೆ ಹೋಯಿತು, ಹುಚ್ಚು ಅಪ್ಪನ ಬಳಿಯೇ ಉಳಿಯಿತು.

ಅವನ ತೇಗದ ಕಪಾಟಿನಲ್ಲಿ ಎರಡು ಲೋಕಗಳಿದ್ದವು. ಮೇಲಿನ ತಟ್ಟೆಗಳಲ್ಲಿ ಕೋರಿಗಳು, ಅಂದರೆ ನಮ್ಮ ಕಚ್ಛದ ರಾಜರ ಬೆಳ್ಳಿ ನಾಣ್ಯಗಳು. ಕೆಂಪು ಮಖಮಲ್ಲಿನಲ್ಲಿ ಒಂದೊಂದಕ್ಕೂ ಅದರದೇ ಗುಳಿ. ಪಟ್ಟಾಭಿಷೇಕಕ್ಕೆ ಮುಂಚೆಯೇ ಸಿಂಹಾಸನ ಬಿಟ್ಟು ಹೋದ ವಿಲಾಯತಿ ದೊರೆಯ ಹೆಸರಿನ ಕೋರಿ ಕೂಡ ಅಲ್ಲಿತ್ತು. ಒಂದೇ ಒಂದು ಗುಳಿ ಮಾತ್ರ ಖಾಲಿ. ಸ್ವಾತಂತ್ರ್ಯ ಬಂದ ವರ್ಷ, ರಾಜರ ಟಂಕಸಾಲೆ ಕೊನೆಯುಸಿರು ಎಳೆಯುವಾಗ, 'ಜೈ ಹಿಂದ್' ಎಂದು ಅಚ್ಚೊತ್ತಿದ ಕೋರಿಯ ಗುಳಿ ಅದು. ಪ್ರಾಗಜೀಭಾಯ್ ಆ ಗುಳಿಯನ್ನು ದಿನವೂ ಬೆರಳಿನಿಂದ ಮುಟ್ಟಿ ನೋಡುತ್ತಿದ್ದ, ಬಿದ್ದುಹೋದ ಹಲ್ಲಿನ ಜಾಗವನ್ನು ನಾಲಿಗೆ ಹುಡುಕುವ ಹಾಗೆ.

ಕೆಳಗಿನ ಖಾನೆಯಲ್ಲಿ ನಾವಿಕರ ಚಿಲ್ಲರೆ. ಜಂಜಿಬಾರಿನ ತಕ್ಕಡಿ ಚಿತ್ರದ ತಾಮ್ರದ ಕಾಸು, ಮಸ್ಕತ್ತಿನದು, ಏಡನ್ನಿನದು, ದೀವಿನದು, ಮುಸುಕು ಹಾಕಿದ ದಪ್ಪ ಗಲ್ಲದ ರಾಣಿಯ ದೊಡ್ಡ ಬೆಳ್ಳಿ ಬಿಲ್ಲೆಗಳು. ಎಲ್ಲವೂ ಇದ್ದಿಲಿನಂತೆ ಕಪ್ಪು. ಆ ಕಪ್ಪನ್ನು ಮಾತ್ರ ಮುಟ್ಟಬಾರದು. "ನಾಣ್ಯದ ಕಪ್ಪು ಅಂದ್ರೆ ಅದರ ವಯಸ್ಸು. ಅದನ್ನು ತಿಕ್ಕಿ ತೊಳೆಯೋದು ಮಲಗಿರೋ ಅಪ್ಪನ ಮೀಸೆ ಬೋಳಿಸಿದ ಹಾಗೆ" ಎನ್ನುವುದು ಅವನ ಸಿದ್ಧಾಂತ.

ನವರಾತ್ರಿಯ ಹೊತ್ತಿಗೆ ರಾಜಕೋಟ್‌ನ ನಾಣ್ಯ ವ್ಯಾಪಾರಿ ಹರಕಿಸನ್ ಸೋನಿ ಬಂದ. ಮಾತಿಗೆ ಬೆಣ್ಣೆ ಸವರುವುದರಲ್ಲಿ ಅವನನ್ನು ಮೀರಿಸಿದವರಿಲ್ಲ. ಅವನ ಮಾತು ಕೇಳಿದ ಮೇಲೆ ರೊಟ್ಟಿಗೆ ಬೇರೆ ತುಪ್ಪ ಬೇಡ. ತಟ್ಟೆಗಳನ್ನೆಲ್ಲ ನೋಡಿದ. ಕೋರಿಗಳ ಮುಂದೆ ಸ್ವಲ್ಪ ಹೊತ್ತು ನಿಂತು ಮೀಸೆಯೊಳಗೇ ನಕ್ಕ. ಕೆಳಗಿನ ಖಾನೆ ನೋಡಿದಾಗ ನಗಲಿಲ್ಲ.

"ಕಾಕಾ, ಎಲ್ಲಾ ಇರೋ ಸಂಗ್ರಹ ಅಂದ್ರೆ ಗುಜರಿ ಅಂಗಡಿ. ಒಂದನ್ನ ಹಿಡೀಬೇಕು, ಅದನ್ನ ಪೂರ್ತಿ ಮಾಡಬೇಕು. ನಿಮ್ಮದು ಕೋರಿ. ಕೆಳಗಿನ ಖಾನೆ ನನಗೆ ಮಾರಿಬಿಡಿ. ದುಡ್ಡು ಬೇಕಾದ್ರೆ ದುಡ್ಡು. ಬೇಡ ಅಂದ್ರೆ..." ಎಂದು ಧ್ವನಿ ತಗ್ಗಿಸಿದ. "ನನ್ನ ಹತ್ರ ಒಂದು ಜೈ ಹಿಂದ್ ಕೋರಿ ಇದೆ."

ಬೇರೆ ಯಾರಾದರೂ ಆಗಿದ್ದರೆ ಎದ್ದು ಅವನನ್ನು ಅಪ್ಪಿಕೊಳ್ಳುತ್ತಿದ್ದರು. ಪ್ರಾಗಜೀಭಾಯ್ ಖಾನೆ ಮುಚ್ಚಿ ಅದರ ಮೇಲೆ ಕೈ ಇಟ್ಟ. "ಯೋಚನೆ ಮಾಡಿ ಹೇಳ್ತೀನಿ" ಎಂದ. ಹರಕಿಸನ್ ಹೊರಟ ಕ್ಷಣವೇ ನನ್ನ ತೋಳು ಹಿಡಿದ.

"ಯಾಕೆ ಕೇಳ್ದ?"

"ಬೇಕಿದೆ, ಕೇಳ್ದ."

"ವ್ಯಾಪಾರಿ ಬೇಕಾದ್ದನ್ನ ಕೇಳ್ತಾನೇನೋ ಮಾಸ್ತರ್? ಬೇಡದ್ದನ್ನ ಕೇಳ್ತಾನೆ, ಬೇಕಾದ್ದನ್ನ ಅದರ ಜೊತೆ ಕೊಸರಿಗೆ ಎತ್ಕೊಂಡು ಹೋಗ್ತಾನೆ. ಆ ಖಾನೇಲಿ ನನಗೆ ಗೊತ್ತಿಲ್ಲದ್ದು ಏನೋ ಇದೆ." ಆಮೇಲೆ ನನ್ನನ್ನೇ ದಿಟ್ಟಿಸಿದ. "ನೀನು ಯಾಕೆ ಅವನ ಪರ ಮಾತಾಡ್ತಿದ್ದೀಯ? ಬಂದಾಗಿನಿಂದ ಎರಡು ಸಲ ಕಪಾಟಿನ ಕಡೆ ನೋಡ್ದೆ."

"ಕಪಾಟಿನ ಮೇಲೆ ಗಡಿಯಾರ ಇದೆಯಲ್ಲ ಮಾರಾಯ."

"ಆ ಗಡಿಯಾರ ಭೂಕಂಪದಲ್ಲೇ ನಿಂತುಹೋಯ್ತು. ನಿಂತ ಗಡಿಯಾರದಲ್ಲಿ ಎರಡು ಸಲ ಏನು ನೋಡ್ದೆ?"

ನಾನು ಎದ್ದು ಚಪ್ಪಲಿ ಹುಡುಕಿದೆ.

ಮರುದಿನ ಅವನು ಖಾನೆಯನ್ನು ಹಾಸಿಗೆಯ ಮೇಲೆ ಬೋರಲು ಹಾಕಿ ಭೂತಗನ್ನಡಿ ಹಿಡಿದು ಕೂತ. ಗುಪ್ತನಿಧಿ ಏನೂ ಸಿಗಲಿಲ್ಲ. ಆದರೆ ಬೇರೊಂದು ಸಿಕ್ಕಿತು. ಎರಡು ವರ್ಷದ ಹಿಂದೆ ಅವನ ಕಣ್ಣಿನ ಪೊರೆ ತೆಗೆಸಿದ್ದರು. ಪಟ್ಟಿ ಬಿಚ್ಚಿ ಮನೆಗೆ ಬಂದು ಕೋರಿಗಳನ್ನು ನೋಡಿದರೆ ಅವು ಹುಣ್ಣಿಮೆ ಚಂದ್ರನಂತೆ ಹೊಳೆದಿದ್ದವು. "ಏನು ಕೈಗುಣ ಆ ಡಾಕ್ಟರದ್ದು! ಕಣ್ಣು ತೊಳೆದರೆ ಬೆಳ್ಳಿಯೇ ತೊಳೆದ ಹಾಗೆ ಕಾಣುತ್ತೆ!" ಎಂದು ಅಂದಿನಿಂದ ಊರೆಲ್ಲ ಸಾರಿ, ಆ ಡಾಕ್ಟರರಿಗೆ ಅರ್ಧ ಮಾಂಡವಿಯ ಕಣ್ಣುಗಳನ್ನು ಒದಗಿಸಿಕೊಟ್ಟಿದ್ದ. ಈಗ ಅದೇ ಕಣ್ಣಿನಿಂದ ಮುಸುಕಿನ ರಾಣಿಯ ಬೆಳ್ಳಿ ನೋಡಿದರೆ, ಅದು ಹಿಂದಿನಂತೆಯೇ ಕಪ್ಪಗಿದೆ!

ಕಿಟಕಿಯಿಂದ ಬಂದ ಕೂಗಿಗೆ ನಾನು ಚಪ್ಪಲಿ ಮರೆತು ಓಡಿದೆ.

"ಮಾಸ್ತರ್, ಕಣ್ಣು ಸರಿಯಾಗಿದ್ರೆ ಎರಡೂ ಹೊಳೀಬೇಕಲ್ವಾ? ಕೋರಿ ಮಾತ್ರ ಯಾಕೆ ಹೊಳೆಯುತ್ತೆ?"

"ಯಾಕೆ?"

"ಬದಲಾಯಿಸಿದ್ದಾರೆ. ನನ್ನ ಹಳೇದನ್ನ ಒಯ್ದು ಹೊಸದಾಗಿ ಎರಕ ಹೊಯ್ದ ನಕಲಿ ಇಟ್ಟಿದ್ದಾರೆ. ಅದಕ್ಕೇ ಆ ಹರಕಿಸನ್ ನಕ್ಕಿದ್ದು!"

ಕಲ್ಲಿನ ಮೇಲೆ ಬಡಿದು ನೋಡಿದ. ಸದ್ದು ಶುದ್ಧವಾಗಿತ್ತು. ತೂಗಿ ನೋಡಿದ. ತೂಕ ಸರಿಯಿತ್ತು. ಇದರಿಂದ ಅವನ ಅನುಮಾನ ಇನ್ನೂ ಗಟ್ಟಿಯಾಯಿತು. "ಎಂಥಾ ಪಾಕಡಾ ಕಳ್ಳ ನೋಡು, ತೂಕ, ಸದ್ದು ಎರಡನ್ನೂ ನಕಲು ಮಾಡಿದ್ದಾನೆ!" ಬೆಳ್ಳಿಯನ್ನೇ ಕೊಟ್ಟು ಬೆಳ್ಳಿ ಕದಿಯುವ ಕಳ್ಳನಿಗೆ ಲಾಭವೇನು ಎಂದು ನಾನು ಕೇಳಿದ್ದು ತಪ್ಪಾಯಿತು. ಆ ದಿನದಿಂದ ನನಗೆ ಚಹ ಕಪಾಟಿಲ್ಲದ ಹೊರ ಜಗಲಿಯಲ್ಲೇ ಬರತೊಡಗಿತು.

ಅವನು ಕಪಾಟಿನ ಮುಂದೆ ಬಾಜ್ರಿ ಹಿಟ್ಟು ಚೆಲ್ಲಿ ಕಳ್ಳನ ಹೆಜ್ಜೆಗೆ ಕಾದ. ಹೆಜ್ಜೆಗಳೇನೋ ಮೂಡಿದವು, ಆದರೆ ಅವು ಹಿಟ್ಟು ಹಾಗೇ ಇದೆಯೋ ಇಲ್ಲವೋ ಎಂದು ಮತ್ತೆ ಮತ್ತೆ ನೋಡಲು ಹೋದ ಅವನವೇ. ಕೊನೆಗೆ ಆ ಹೆಜ್ಜೆಗಳನ್ನೂ ತನ್ನ ಚಪ್ಪಲಿಯನ್ನೂ ಅಳೆದು ನೋಡಿ, ತನ್ನನ್ನೇ ಸ್ವಲ್ಪ ಅನುಮಾನದಿಂದ ನೋಡಿಕೊಂಡನೆಂದು ಅವನ ಹೆಂಡತಿ ಝವೇರಬೇನ್ ಹೇಳಿದರು. "ಹಿಟ್ಟು ಹಾಳಾಯ್ತು ಮಾಸ್ತರ್‌ಭಾಯ್. ಕಳ್ಳ ಬಂದಿದ್ರೆ ಎರಡು ರೊಟ್ಲಾ ತಟ್ಟಿಕೊಡೋಕೂ ಹಿಟ್ಟಿಲ್ಲ."

ಹೀಗೆ ದೀಪಾವಳಿಗೆ ಎರಡು ದಿನ ಮುಂಚಿನ ಧನತೇರಸ್ ಬಂತು. ಮನೆಯ ಲಕ್ಷ್ಮಿಯನ್ನು ತೊಳೆದು ಪೂಜಿಸುವ ದಿನ. ಪ್ರಾಗಜೀಭಾಯ್ ಪ್ರತಿವರ್ಷ ಕಣ್ಣುಮುಚ್ಚಿ ಮಂತ್ರ ಹೇಳುತ್ತ, ತಟ್ಟೆಯಲ್ಲಿದ್ದ ನಾಣ್ಯಗಳಿಗೆ ಕೈತಡಕಿನಲ್ಲೇ ಕುಂಕುಮ ಹಚ್ಚಿ ಎದ್ದುಬಿಡುತ್ತಿದ್ದ. ಈ ವರ್ಷ ಮಾತ್ರ ಕಣ್ಣು ಮುಚ್ಚಲಿಲ್ಲ, ಏಕೆಂದರೆ ಝವೇರಬೇನ್ ಪೂಜೆಗೆ ಕರೆದಿದ್ದ ನಾನು ಪಕ್ಕದಲ್ಲಿ ಕೂತಿದ್ದೆ. ಹಿತ್ತಾಳೆ ತಟ್ಟೆ ಬಂತು. ಅದಕ್ಕೆ ಸುರಿದ ಹಸುವಿನ ಹಾಲಿನಲ್ಲಿ ಬೆಳ್ಳಿ ಫಳಫಳ ಎನ್ನುತ್ತಿತ್ತು. ಪ್ರಾಗಜೀಭಾಯ್ ಒಂದನ್ನು ಎತ್ತಿದ. ಸಿಂಹಾಸನ ಬಿಟ್ಟ ದೊರೆಯ ಕೋರಿ.

"ಇದು... ಇದು ಇಲ್ಲಿ ಹೇಗೆ ಬಂತು?"

"ಎಲ್ಲಿಂದ ಬರುತ್ತೆ? ನಿಮ್ಮ ಕಪಾಟಿಂದ" ಎಂದರು ಝವೇರಬೇನ್, ಬತ್ತಿ ಹೊಸೆಯುತ್ತ. "ನನ್ನ ಪೂಜೆ ನಾಣ್ಯಗಳನ್ನೆಲ್ಲ ಮಗಳ ಸೀಮಂತದಲ್ಲಿ ಅವಳ ಉಡಿಗೆ ಹಾಕಿದ್ವಲ್ಲ. ಆಮೇಲಿಂದ, ನಿಮ್ಮ ಕಣ್ಣಿಗೆ ಪೊರೆ ಬಂದಿದ್ದ ಕಾಲದಿಂದ, ಇವೇ. ಒಂದಕ್ಕೆ ಪೂಜೆ, ಒಂದಕ್ಕೆ ಇಲ್ಲ ಅಂತ ಆಗ್ಬಾರದು ಅಂತ ಪ್ರತಿವರ್ಷ ಬೇರೆ ಬೇರೆ ತಗೋತೀನಿ. ಬೂದಿ, ನಿಂಬೆಹಣ್ಣು ಹಾಕಿ ತಿಕ್ಕಿದ್ರೆ ಹೇಗೆ ಬೆಳಗುತ್ತೆ ನೋಡಿ."

"ಬೀಗ?"

"ನೀವು ಸ್ನಾನಕ್ಕೆ ಹೋದ್ರೆ ಗಂಗಾವತರಣ ಮುಗಿಯೋವರೆಗೂ ಬರಲ್ಲ. ಬೀಗದ ಕೈ ಗೂಟದಲ್ಲಿರುತ್ತೆ."

"ನನಗೆ ಒಂದು ಮಾತು ಹೇಳಬಾರದಾಗಿತ್ತೇನೇ?"

"ಹೇಳೋದೇನು? ಕುಂಕುಮ ಹಚ್ಚಿದ್ದು ನೀವೇ ಅಲ್ವಾ!"

ಸೊಳ್ಳೆಯೂ ರಕ್ತ ಒಯ್ಯಲಾರದ ಮನೆಯಲ್ಲಿ ವರ್ಷ ವರ್ಷವೂ ಅಪ್ಪನ ಮೀಸೆ ಬೋಳಿಸಲಾಗಿತ್ತು, ಮತ್ತು ಬೋಳಿಸಿದ ಜಾಗಕ್ಕೆ ಇವನೇ ಕುಂಕುಮ ಇಟ್ಟಿದ್ದ. ನಾನು ನಗು ತಡೆಯಲು ಕಚ್ಚಿದ ತುಟಿಯ ಗಾಯ ದೀಪಾವಳಿಯ ಮರುದಿನದ ನಮ್ಮ ಹೊಸ ವರ್ಷದವರೆಗೂ ಮಾಯಲಿಲ್ಲ.

ಅಷ್ಟರಲ್ಲಿ ಹರಕಿಸನ್ ಬಂದ. ಮಾಂಡವಿಯಲ್ಲೇ ಅವನ ಮಾವನ ಮನೆ, ಹಬ್ಬಕ್ಕೆ ಬಂದಿದ್ದ. ತಟ್ಟೆ ನೋಡಿದ, ಪ್ರಾಗಜೀಭಾಯ್ ಮುಖ ನೋಡಿದ, ಎಲ್ಲ ಅರ್ಥವಾಯಿತು.

"ನವರಾತ್ರೀಲೇ ಕಂಡಿತ್ತು ಕಾಕಾ. ಹೇಳೋಕೆ ಬಾಯಿ ಬರಲಿಲ್ಲ. ತಿಕ್ಕಿದ ಕೋರಿಗೆ ಬೆಳ್ಳಿಯ ಬೆಲೆ ಅಷ್ಟೇ. ಆದ್ರೆ ಕೆಳಗಿನ ಖಾನೆಯನ್ನ ಕಾಕೀ ಮುಟ್ಟೇ ಇಲ್ಲ. ಅದಕ್ಕೇ ಕೇಳಿದ್ದು."

"ಆ ಮುಸುಕಿನ ರಾಣಿಯನ್ನ ನಾನು ಯಾಕೆ ಪೂಜೆ ಮಾಡ್ಲಿ? ಯಾರ ಮನೆಯವಳೋ ಏನೋ" ಎಂದರು ಝವೇರಬೇನ್.

ಹರಕಿಸನ್ ಜೇಬಿನಿಂದ ಪುಟ್ಟ ಡಬ್ಬಿ ತೆಗೆದು, ಜೈ ಹಿಂದ್ ಕೋರಿಯನ್ನು ತಟ್ಟೆಯ ಅಂಚಿನಲ್ಲಿಟ್ಟ. ಬೂದುಗಪ್ಪು ಮೈ, ಒಂದು ಗೀರೂ ಇಲ್ಲ. ಪ್ರಾಗಜೀಭಾಯ್ ಅದನ್ನು ನೋಡಿದ, ತನ್ನ ಹೊಳೆಯುವ ಕೋರಿಗಳನ್ನು ನೋಡಿದ, ಕಪಾಟಿನ ಕಡೆ ನೋಡಿದ. ಖಾನೆ ಕೊಟ್ಟರೆ ಸಂಗ್ರಹದಲ್ಲಿ ಬೆಲೆಬಾಳುವುದು ಉಳಿಯುವುದಿಲ್ಲ. ಕೊಡದಿದ್ದರೆ ಗುಳಿ ಅವನು ಸಾಯುವವರೆಗೂ ಖಾಲಿ.

"ಹರಕಿಸನ್, ನಿಜ ಹೇಳು. ಈ ತಿಕ್ಕಿದ ಕೋರಿಗಳನ್ನ ಇನ್ನು ಯಾರೂ ಕೊಳ್ಳೋದಿಲ್ಲ?"

"ಸಂಗ್ರಾಹಕರು ಯಾರೂ ಕೊಳ್ಳಲ್ಲ ಕಾಕಾ."

"ಬದಲಾಯಿಸಿಕೊಂಡು ಹೋಗೋದೂ ಇಲ್ಲ?"

"ಬದಲಾಯಿಸಿ ಏನು ಮಾಡ್ತಾರೆ? ಕರಗಿಸಿ ಕಾಲ್ಗೆಜ್ಜೆ ಮಾಡಿಸ್ಬೇಕು ಅಷ್ಟೇ."

"ಈ ಮಾಸ್ತರ್ ಕೂಡ?"

"ನಾನು ಕಾಲ್ಗೆಜ್ಜೆ ಹಾಕಲ್ಲ" ಎಂದೆ.

ಪ್ರಾಗಜೀಭಾಯ್ ಗೋಡೆಗೆ ಒರಗಿದ. ಅವನ ಬೆನ್ನು ಗೋಡೆಗೆ ತಾಗಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಇಲ್ಲವಾದರೆ ಅವನು ಯಾವಾಗಲೂ ಎದ್ದೇಳಲು ಸಿದ್ಧನಾದವನಂತೆಯೇ ಕೂರುತ್ತಿದ್ದ. ಅವನಿಗೆ ಪ್ರಿಯವಾದ ನಾಣ್ಯಗಳು ಈ ಜಗತ್ತಿನಲ್ಲಿ ಇನ್ನು ಯಾರಿಗೂ ಬೇಡ. ಬೇಕಾದದ್ದೆಲ್ಲ ಕೆಳಗಿನ ಖಾನೆಯಲ್ಲಿದೆ, ಮತ್ತು ಅದೊಂದೇ ಅವನ ನಿದ್ದೆ ಕೆಡಿಸಬಲ್ಲದ್ದು.

"ತಗೊಂಡು ಹೋಗು ನಿನ್ನ ಮುಸುಕಿನ ರಾಣೀನ" ಎಂದ. "ಕೋರಿ ಕೊಡು."

"ಇವತ್ತಾ?" ಝವೇರಬೇನ್ ತಲೆ ಎತ್ತಿದರು. "ಧನತೇರಸ್ ದಿನ ಮನೆಯಿಂದ ಲಕ್ಷ್ಮಿ ಹೊರಗೆ ಹೋಗೋದುಂಟಾ? ಬರಬಹುದು, ಹೋಗೋ ಹಾಗಿಲ್ಲ. ದೀಪಾವಳಿ ಕಳೆದು ಲಾಭ ಪಂಚಮಿಗೆ ಬಾರಪ್ಪ." ಹೇಳುತ್ತ ಹೇಳುತ್ತಲೇ ಅವರ ಬೆರಳು ತಟ್ಟೆಯ ಅಂಚಿಗೆ ಹೋಗಿ, ಜೈ ಹಿಂದ್ ಕೋರಿಯ ನೆತ್ತಿಗೆ ಕುಂಕುಮ ಇಟ್ಟೂ ಆಯಿತು.

"ಅಯ್ಯೋ ಕಾಕೀ!" ಹರಕಿಸನ್‌ನ ಬೆಣ್ಣೆಯೆಲ್ಲ ಒಮ್ಮೆಗೇ ಕರಗಿತು.

"ಈಗ ಅದೂ ಮನೆ ಲಕ್ಷ್ಮಿ. ಇವತ್ತು ಅದೂ ಹೋಗೋ ಹಾಗಿಲ್ಲ."

ಹರಕಿಸನ್ ಕೋರಿಯನ್ನು ನೋಡಿದ, ಬೀಗ ಹಾಕಿದ ಕಪಾಟನ್ನು ನೋಡಿದ, ಕೊನೆಗೆ ಪ್ರಾಗಜೀಭಾಯ್‌ನನ್ನು ನೋಡಿದ. ಆ ನೋಟ ನನಗೆ ಚೆನ್ನಾಗಿ ಪರಿಚಯವಿತ್ತು. ಹೊರ ಜಗಲಿಯಲ್ಲಿ ಚಹ ಕುಡಿಯುತ್ತ ಅಷ್ಟು ದಿನ ಅದನ್ನು ನನ್ನ ಮೈಮೇಲೆ ಹೊತ್ತಿದ್ದೆ.

"ಕಾಕಾ, ತಪ್ಪು ತಿಳೀಬೇಡಿ. ನನ್ನದೂ ನಿಮ್ಮ ಮನೇಲಿ, ನಿಮ್ಮದೂ ನಿಮ್ಮ ಮನೇಲಿ. ನಾನು ಬರೋವರೆಗೆ ಖಾನೇಲಿ ಇರೋದೆಲ್ಲ ಈಗಿರೋ ಹಾಗೇ ಇರುತ್ತೆ ಅಂತ ಏನು ಭರವಸೆ?"

ಪ್ರಾಗಜೀಭಾಯ್ ಚಹವನ್ನು ಬಸಿಗೆ ಸುರಿದುಕೊಂಡು ನಿಧಾನವಾಗಿ ಒಂದು ಗುಟುಕು ಎಳೆದ.

"ಲಾಭ ಪಂಚಮಿ ದಿನ ಬೆಳಿಗ್ಗೇನೇ ಬಂದುಬಿಡು ಮಗನೇ" ಎಂದ. "ತಡ ಮಾಡ್ಬೇಡ. ನಿನ್ನ ಕಾಕೀ ಹತ್ರ ಇನ್ನೂ ಅರ್ಧ ನಿಂಬೆಹಣ್ಣು ಉಳಿದಿದೆ."