ಕೈ ಎತ್ತಿದ ಮೇಲೆ ಹಾರಬೇಕು

ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಭಾನುವಾರ ಅಂದರೆ ಬಂಡೆ ಮೇಲಿಂದ ನೀರಿಗೆ ಹಾರುವ ದಿನ. ಈಗ ಹೇಳಿದರೆ ನೀವು ಹುಬ್ಬೇರಿಸುತ್ತೀರಿ. ಏರಿಸಿ, ಏರಿಸಿ. ಮೊನ್ನೆ ಈಜುಕೊಳದ ಹತ್ತಿರ ನನ್ನ ಅಕ್ಕ, ಅಂದರೆ ನಿಮ್ಮ ದೊಡ್ಡಜ್ಜಿ, "ಕೈ ಎತ್ತು! ಕೈ ಎತ್ತು!" ಅಂತ ಗಂಟಲು ಹರಿಯುವ ಹಾಗೆ ಕೂಗಿದಾಗ ನೀವೆಲ್ಲ ಬಿದ್ದು ಬಿದ್ದು ನಕ್ಕಿರಲ್ಲ, ನನಗೆ ಮೈಯೆಲ್ಲ ಉರಿದುಹೋಯಿತು. ಚೆನ್ನಾಗಿ ಬೈದುಬಿಡೋಣ ಎಂದುಕೊಂಡೆ. ಆದರೆ ಗೊತ್ತಿಲ್ಲದೆ ನಕ್ಕ ಮಕ್ಕಳನ್ನು ಬೈದು ಏನು ಪ್ರಯೋಜನ? ಅದಕ್ಕೇ ಇವತ್ತು ಕೂರಿಸಿಕೊಂಡು ಹೇಳುತ್ತಿದ್ದೇನೆ. ಇದು ನಗಿಸುವ ಕತೆಯಲ್ಲ, ಮೊದಲೇ ಹೇಳಿಬಿಡುತ್ತೇನೆ.

ಆಗ ನಾವು ಬೊಮ್ಮಸಂದ್ರದ ಫ್ಯಾಕ್ಟರಿಗಳ ಹಿಂದೆ ಸಾಲಾಗಿ ಕಟ್ಟಿದ ಶೀಟಿನ ಮನೆಗಳಲ್ಲಿ ಒಂದರಲ್ಲಿ ಬಾಡಿಗೆಗಿದ್ದೆವು. ಅತ್ತ ಹೊಸೂರು ರಸ್ತೆಯಲ್ಲಿ ಫ್ಲೈಓವರಿನ ಕಂಬಗಳು ಏಳುತ್ತಿದ್ದ ಕಾಲ ಅದು. ಬಾಗಲಕೋಟೆ ಕಡೆಯ ಊರಿಂದ ಅಪ್ಪ ನಮ್ಮನ್ನೆಲ್ಲ ಕರೆದುಕೊಂಡು ಬಂದು, ತಗಡು ಒತ್ತುವ ಒಂದು ಫ್ಯಾಕ್ಟರಿಗೆ ಶಿಫ್ಟಿನ ಕೆಲಸಕ್ಕೆ ಸೇರಿದ್ದ. ಮನೆಗೆ ಬಂದಾಗ ಅವನ ಅಂಗಿಯಿಂದ ಮೆಷಿನ್ ಎಣ್ಣೆಯ ವಾಸನೆ ಬರುತ್ತಿತ್ತು. ಔಷಧಿ ಫ್ಯಾಕ್ಟರಿಗಳ ಕಡೆಯಿಂದ ಗಾಳಿ ಬೀಸಿದರೆ ಇಡೀ ಬೀದಿಗೇ ಹುಳಿ ಹುಳಿ ನಾತ. ಬೇಸಿಗೆಯಲ್ಲಿ ಶೀಟು ಕಾದು, ಒಳಗೆ ಕೂತರೆ ತಲೆಯ ಎಣ್ಣೆ ಕರಗಿ ಕುತ್ತಿಗೆಗೆ ಇಳಿಯುತ್ತಿತ್ತು. ಅಂಥ ಮನೆಯಲ್ಲಿ ಭಾನುವಾರವಿಡೀ ಯಾರು ಕೂತಿರುತ್ತಾರೆ?

ನಮ್ಮ ಬೀದಿಯಿಂದ ಜಾಲಿ ಪೊದೆಗಳ ನಡುವೆ ನಡೆದು ಹೋದರೆ ಒಂದು ಹಳೆಯ ಕಲ್ಲು ಕ್ವಾರಿ ಸಿಗುತ್ತಿತ್ತು. ಕಲ್ಲು ತೆಗೆದು ತೆಗೆದು ಬಿಟ್ಟುಹೋದ ಗುಂಡಿ. ಮಳೆನೀರು ತುಂಬಿ ಸಣ್ಣ ಕೆರೆಯೇ ಆಗಿತ್ತು. ಒಂದು ಕಡೆ ಗೋಡೆ ಕತ್ತರಿಸಿದಂತೆ ನಿಂತ ಬಂಡೆ, ಇನ್ನೊಂದು ಕಡೆ ಹಿಂದೆ ಲಾರಿ ಇಳಿಯುತ್ತಿದ್ದ ಇಳಿಜಾರು. ಹಸಿರು ನೀರು. ಮೇಲೆ ಬೆಚ್ಚಗೆ, ಮೊಣಕಾಲಿನಿಂದ ಕೆಳಗೆ ಕೊರೆಯುವಷ್ಟು ತಣ್ಣಗೆ! ಅವ್ವ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಉಳ್ಳಾಗಡ್ಡಿ ಬುತ್ತಿ ಕಟ್ಟುತ್ತಿದ್ದಳು. ಹೋಗುವಾಗಲೇ ಅಕ್ಕ ಬುತ್ತಿಯೊಳಗೆ ಕೈ ಹಾಕಿ ಬೈಸಿಕೊಳ್ಳುತ್ತಿದ್ದಳು.

ಹಾರುವುದಕ್ಕೆ ನಮ್ಮಲ್ಲಿ ಒಂದು ಪದ್ಧತಿ ಇತ್ತು. ಅದು ಕ್ವಾರಿಯದಲ್ಲ, ನಮ್ಮೂರ ಬಾವಿಯದು. ಊರ ಬಾವಿಯಲ್ಲಿ ಎಷ್ಟೇ ಜನ ಹುಡುಗರು ಕಾದು ನಿಂತಿರಲಿ, ಮೊದಲು ಮನೆಯ ದೊಡ್ಡವನು ಹಾರಬೇಕು. ತಳ ಮುಟ್ಟಬೇಕು. ಅಲ್ಲಿಂದ ಒಂದು ಹಿಡಿ ರಾಡಿ, ಅಂದರೆ ಕೆಸರು, ತಂದು, ನೀರಿನ ಮೇಲೆ ಕೈ ಎತ್ತಿ ತೋರಿಸಬೇಕು. ರಾಡಿ ಬಂತು ಅಂದರೆ ಕೆಳಗೆ ಕಲ್ಲಿಲ್ಲ, ಮುಳ್ಳಿಲ್ಲ, ಬಿದ್ದರೆ ಭಯವಿಲ್ಲ ಅಂತ ಅರ್ಥ. ಕೈ ಎದ್ದ ಮೇಲೆ ಉಳಿದವರು ಹಾರಬೇಕು. ಕೈ ಏಳದೆ ಯಾರಾದರೂ ಹಾರಿದರೆ ಅವತ್ತು ಅವರಿಗೆ ಊಟವಿಲ್ಲ, ಏಟು ಮಾತ್ರ. ಅಪ್ಪ ಈ ಪದ್ಧತಿಯನ್ನು ಕ್ವಾರಿಗೂ ತಂದಿದ್ದ. ಅವನ ಮುಷ್ಟಿ ಮೇಲೆದ್ದು ಬೂದು ಬಣ್ಣದ ಕೆಸರು ಮೊಣಕೈವರೆಗೂ ಸೋರುತ್ತಿದ್ದಂತೆ ಅಕ್ಕ ಕಿರುಚುತ್ತಾ ಹಾರುತ್ತಿದ್ದಳು. ಅವಳ ಹಿಂದೆ, ಮೂಗು ಹಿಡಿದುಕೊಂಡು, ನಾನು.

ಅಕ್ಕ ಅಂದರೆ ಗಾಳಿಗೆ ಸಿಕ್ಕ ಬಟ್ಟೆ, ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಚೂಡಿದಾರದ ದುಪಟ್ಟಾ ಸೊಂಟಕ್ಕೆ ಬಿಗಿದು, ಎರಡು ಜಡೆ ಹಿಂದಕ್ಕೆ ಎಸೆದು, ನಮ್ಮ ಬೀದಿಯ ಗಂಡುಹುಡುಗರು ಹೆದರುತ್ತಿದ್ದ ಎತ್ತರದಿಂದ ಹಾರುತ್ತಿದ್ದಳು. ಆದರೂ ಅವಳಿಗೆ ಸಮಾಧಾನವಿಲ್ಲ. ನಾವು ಹಾರುತ್ತಿದ್ದ ಬಂಡೆಯ ಮೇಲೆ ಇನ್ನೊಂದು ಬಂಡೆ ಇತ್ತು, ಅದರಿಂದ ಹಾರಬೇಕು ಅಂತ ಅಪ್ಪನ ಜೀವ ತಿನ್ನುತ್ತಿದ್ದಳು. ಅಪ್ಪ ಬಾವಿಯ ಲೆಕ್ಕ ಹೇಳುತ್ತಿದ್ದ: ನೀರು ಏರಿದಷ್ಟೂ ಆಳ ಜಾಸ್ತಿ, ಆಳ ಜಾಸ್ತಿಯಾದಷ್ಟೂ ಎತ್ತರದಿಂದ ಹಾರಬಹುದು. ಅದಕ್ಕೇ ಅವನು ನೀರಿನ ಅಂಚಿಗಿಂತ ಸ್ವಲ್ಪ ಮೇಲೆ, ಬಂಡೆಗೆ ಸುಣ್ಣದಲ್ಲಿ ಒಂದು ಗೆರೆ ಎಳೆದಿದ್ದ. ನೀರು ಆ ಗೆರೆ ದಾಟಿದ ದಿನ ಮೇಲಿನ ಬಂಡೆ ಅಂತ ಅಕ್ಕನಿಗೆ ಮಾತು ಕೊಟ್ಟಿದ್ದ.

ಆಮೇಲೆ ಅಪ್ಪನಿಗೆ ಓವರ್‌ಟೈಮ್ ಬಿತ್ತು. ಕೆಲವು ಭಾನುವಾರ ನಾವು ಕ್ವಾರಿಯ ಕಡೆ ತಲೆ ಹಾಕಲಿಲ್ಲ. ಅಕ್ಕನ ಮುಖ ಊದಿಕೊಂಡೇ ಇತ್ತು. ಕೊನೆಗೊಂದು ಭಾನುವಾರ ರಜೆ ಸಿಕ್ಕಿತು. ಹಿಂದಿನ ವಾರ ಒಂದೆರಡು ಮಳೆಯೂ ಆಗಿತ್ತು. ನಾವು ಹೊರಟಾಗ ಮನೆಯ ಓನರಜ್ಜಿ, ಆ ಜಾಗದ ಮೂಲದವಳು, ಹಟ್ಟಿಯ ಮುಂದೆ ಹಸುವಿಗೆ ಹುಲ್ಲು ಹಾಕುತ್ತಿದ್ದಳು.

"ಕ್ವಾರಿತಕ್ಕಾ? ಮಕ್ಕಳು ಉಸಾರು ಕಣಮ್ಮೋ. ಆ ಕಡೆ ಲಾರಿಗಳು ಸಾನೆ ಓಡಾಡ್ತಾವೆ ಈಗ" ಅಂದಳು.

"ರಸ್ತಾ ನೋಡ್ಕೊಂಡ ಹೋಗ್ತೀವಿ ಅಮ್ಮಾ" ಅಂದಳು ಅವ್ವ. ದಾರಿಯುದ್ದಕ್ಕೂ ನನ್ನ ಕೈ ಬಿಡಲಿಲ್ಲ. ಲಾರಿ ಅಂದರೆ ರಸ್ತೆಯ ಭಯ ಅಂತಲೇ ನಾವು ತಿಳಿದುಕೊಂಡೆವು. ಅವು ಎಲ್ಲಿಗೆ, ಏನು ಹೊತ್ತು ಹೋಗುತ್ತಿವೆ ಅಂತ ಯಾರೂ ಕೇಳಲಿಲ್ಲ.

ಕ್ವಾರಿ ತಲುಪಿದಾಗ ಅಕ್ಕನೇ ಮೊದಲು ನೋಡಿದ್ದು. ಸುಣ್ಣದ ಗೆರೆ ಕಾಣುತ್ತಿರಲಿಲ್ಲ. ನೀರು ಅದನ್ನು ನುಂಗಿ, ಮೇಲೆ ಒಂದು ಗೇಣು ಏರಿ ನಿಂತಿತ್ತು. ನೀರಿನ ಬಣ್ಣವೂ ಸ್ವಲ್ಪ ಬಿಳಚಿಕೊಂಡಿತ್ತು.

"ಅಪ್ಪಾ, ಗೆರಿ ಮುಳುಗೇತಿ! ಮುಳುಗೇತಿ ನೋಡು!"

ಅಪ್ಪ ಬಗ್ಗಿ ನೋಡಿ ನಕ್ಕ. "ಮಳಿ ಚಲೋ ಆಗೇತಿ. ನಡಿ, ಇವತ್ತ ಮ್ಯಾಲಿನ ಬಂಡಿ ನಿಂದ" ಅಂದ.

ಅವ್ವ ಗೊಣಗಿದಳು. "ಹೆಣ್ಣಹುಡುಗಿ ಐತಿ, ಕೈಕಾಲು ಮುರಕೊಂಡ್ರ ಏನ ಮಾಡ್ತಿ?"

"ಮೊದ್ಲ ನಾ ಹಾರ್ತೀನಲ್ಲಾ. ನಾ ಕೈ ಎತ್ತಿದ ಮ್ಯಾಲನ ಆಕಿ ಹಾರೂದು."

ಎಲ್ಲರೂ ಮೇಲಿನ ಬಂಡೆ ಹತ್ತಿದೆವು. ಬಂಡೆ ಕಾದು ಅಂಗಾಲು ಸುಡುತ್ತಿತ್ತು. ಪಕ್ಕದ ಕ್ವಾರಿಯಲ್ಲಿ ಭಾನುವಾರವೂ ಕ್ರಷರ್ ಓಡುತ್ತಿತ್ತು. ಜಲ್ಲಿ ಪುಡಿಯಾಗುವ ಆ ಗರಗರ ಸದ್ದಿನಲ್ಲಿ ಪಕ್ಕದವರಿಗೂ ಕೂಗಿಯೇ ಹೇಳಬೇಕು. ಅಪ್ಪ ಅಂಗಿ ಬಿಚ್ಚಿ ಅವ್ವನ ಕೈಗೆ ಕೊಟ್ಟ. ಅಕ್ಕನ ತಲೆಯ ಮೇಲೊಂದು ಮೊಟಕಿದ. ಕಾಲು ಜೋಡಿಸಿ, ನೆಟ್ಟಗೆ, ಹಾರಿದ.

ನೀರು ಎದ್ದು ಬಂಡೆಗೆ ಬಡಿಯಿತು. ಅಕ್ಕ ಅಂಚಿಗೆ ಬಂದು, ಮೊಣಕಾಲು ಬಗ್ಗಿಸಿ, ಕೈ ಹಿಂದಕ್ಕೆ ಚಾಚಿ ತಯಾರಾಗಿ ನಿಂತಳು. ಅಪ್ಪನ ಕೈ ಕಂಡರೆ ಸಾಕು, ಅವಳು ಗಾಳಿಯಲ್ಲಿ.

ಅಪ್ಪನ ತಲೆ ಮೇಲೆ ಬಂತು. ಬಾಯಿ ತೆರೆದಿತ್ತು. ಏನೋ ಕೂಗಿದ, ಕ್ರಷರಿನ ಸದ್ದಿಗೆ ಏನೂ ಕೇಳಲಿಲ್ಲ. ಅವನು ಎಂದಿನಂತೆ ಕಾಲು ಬಡಿಯುತ್ತಿರಲಿಲ್ಲ. ಸೊಂಟದಿಂದ ಕೆಳಗೆ ಅವನನ್ನು ಯಾರೋ ಹಿಡಿದುಕೊಂಡ ಹಾಗಿತ್ತು. ಬಲಗೈ ನೀರಿನಿಂದ ಮೇಲೇಳತೊಡಗಿತು. ಮುಳುಗುವವರು ಯಾರಾದರೂ ಎತ್ತುವ ಹಾಗೇ ಎತ್ತುತ್ತಿದ್ದ, ಅದೂ ಮುಷ್ಟಿ ಬಿಗಿದು. ಅಷ್ಟರಲ್ಲಿ ಅವನ ಕಣ್ಣು ಮೇಲಕ್ಕೆ ಬಂತು. ಬಂಡೆಯ ಅಂಚಿನಲ್ಲಿ ಮೊಣಕಾಲು ಬಗ್ಗಿಸಿ ನಿಂತ ಅಕ್ಕನನ್ನು ನೋಡಿದ.

ಅರ್ಧ ಎದ್ದ ಆ ಕೈಯನ್ನು ಅಪ್ಪ ಕೆಳಗೆ ಎಳೆದುಕೊಂಡ.

ಎಳೆದುಕೊಂಡು ಎದೆಗೆ ಒತ್ತಿ ಹಿಡಿದ. ಅಕ್ಕನ ಕಡೆಯೇ ನೋಡುತ್ತಾ ತಲೆಯನ್ನು ಆ ಕಡೆ ಈ ಕಡೆ ಆಡಿಸಿದ. ಬೇಡ, ಬೇಡ. ಆಮೇಲೆ ನೀರು ಅವನ ಬಾಯಿ ಮುಚ್ಚಿತು, ಕಣ್ಣು ಮುಚ್ಚಿತು. ಕೂದಲು ಒಂದು ಕ್ಷಣ ಮೇಲೆ ತೇಲಿ, ಅದೂ ಇಳಿಯಿತು.

"ಕೈ ಎತ್ತು ಅಪ್ಪಾ!" ಅಕ್ಕ ಕೂಗಿದಳು, ನಗುತ್ತಲೇ. ಅಪ್ಪ ಆಟ ಕಟ್ಟುತ್ತಿದ್ದಾನೆ ಅಂತ ಅವಳೆಣಿಕೆ. "ಸಾಕ ನಿನ್ನ ನಾಟಕ! ಕೈ ಎತ್ತು!"

ನೀರು ಸುಮ್ಮನಾಯಿತು. ಆಗ ಅವಳಿಗೆ ಗೊತ್ತಾಯಿತು. ಹಾರಲು ಮುಂದಕ್ಕೆ ಬಾಗಿದಳು, ಅಪ್ಪನನ್ನು ಎತ್ತಿ ತರಲು. ಅವ್ವ ಹಿಂದಿನಿಂದ ಅವಳ ಎರಡೂ ಜಡೆ ಹಿಡಿದು ಎಳೆದು ಬಂಡೆಯ ಮೇಲೆ ಕೆಡವಿಕೊಂಡಳು. ಅಕ್ಕ ಒದ್ದಳು, ಕಚ್ಚಿದಳು. ಅವ್ವ ಬಿಡಲಿಲ್ಲ. "ಕೈ ಎತ್ತಿಲ್ಲ! ನಿಮ್ಮಪ್ಪ ಕೈ ಎತ್ತಿಲ್ಲ! ನೀ ಹಾರಂಗಿಲ್ಲ!" ಅದನ್ನೇ ಹೇಳುತ್ತಾ, ಅದನ್ನೇ ಹೇಳುತ್ತಾ ಅತ್ತಳು. ಅಯ್ಯೋ ಮಕ್ಕಳೇ, ಆ ದನಿ ನನ್ನ ಕಿವಿಯಿಂದ ಇವತ್ತಿಗೂ ಹೋಗಿಲ್ಲ.

ನಾನು ಕ್ರಷರಿನ ಕಡೆ ಓಡಿದೆ. ಮೈಯೆಲ್ಲ ಕಲ್ಲಿನ ಪುಡಿ ಮೆತ್ತಿಕೊಂಡ ಕೆಲಸಗಾರರು ನಾಲ್ಕಾರು ಜನ ಹಗ್ಗ ಹಿಡಿದು ಬಂದರು. ಅವರು ಬಂಡೆಯಿಂದ ಹಾರಲಿಲ್ಲ. ಇಳಿಜಾರಿನಿಂದ ಇಳಿದು, ಕಾಲಲ್ಲಿ ತಡವುತ್ತಾ ತಡವುತ್ತಾ ಹೋದರು. ಅಪ್ಪನನ್ನು ತಂದು ದಡದಲ್ಲಿ ಮಲಗಿಸಿದಾಗ ಅವನಲ್ಲಿ ಉಸಿರಿರಲಿಲ್ಲ.

ಅವರಲ್ಲಿ ವಯಸ್ಸಾದವನೊಬ್ಬ ತಲೆ ಮೇಲೆ ಕೈ ಹೊತ್ತು ಕೂತ. "ಇಲ್ಲಿ ಯಾಕಮ್ಮ ಆರಿದ್ರಿ? ರೋಡಿಗೆ ಅಂತ ಒಡ್ದಿರೋ ಮನೆ ಗ್ವಾಡೆ, ಕಂಬ, ಎಲ್ಲ ಲಾರಿನಾಗೆ ತಂದು ಇದ್ರೊಳಕ್ಕೇ ಸುರೀತಾವ್ರೆ. ನೀರು ಅದ್ಕೇ ಮ್ಯಾಕೆ ಬಂದೈತೆ" ಅಂದ.

ನೀರು ಏರಿತ್ತು, ನಿಜ. ಆಳ ಹೆಚ್ಚಿರಲಿಲ್ಲ, ಕಡಿಮೆಯಾಗಿತ್ತು. ಬಾವಿಯಲ್ಲಿ ಹಾಗೆ ಆಗುವುದಿಲ್ಲ. ನಮ್ಮೂರಲ್ಲಿ ಬಾವಿಗೆ ಕಸ ಹಾಕುವವರೇ ಇಲ್ಲ. ಅಂಥದ್ದೊಂದು ಇರಬಹುದು ಅಂತ ಅಪ್ಪನ ಲೆಕ್ಕಕ್ಕೆ ಹೊಳೆಯುವುದಾದರೂ ಹೇಗೆ? ಯಾರದೋ ಮನೆಯ ಗೋಡೆಯ ಮೇಲೆ, ಕಂಬಿ ಎದ್ದು ನಿಂತ ಕಾಂಕ್ರೀಟಿನ ಮೇಲೆ ಅವನು ಕಾಲೂರಿ ಬಿದ್ದಿದ್ದ. ಬೆನ್ನು ಮುರಿದಿತ್ತು. ಅವನ ಬಲಮುಷ್ಟಿ ಇನ್ನೂ ಬಿಗಿದೇ ಇತ್ತು. ಅವ್ವ ಒಂದೊಂದೇ ಬೆರಳು ಬಿಡಿಸಿದಳು. ಒಳಗೆ ರಾಡಿ ಇರಲಿಲ್ಲ, ಬಚ್ಚಲಿನ ಗೋಡೆಗೆ ಹಚ್ಚುವ ನೀಲಿ ಟೈಲ್ಸಿನ ಚೂರಿತ್ತು.

ಬಿದ್ದ ಪೆಟ್ಟಿನಿಂದ ಕೈಯಲ್ಲಿ ಬಲ ಹೋಗಿರಬೇಕು, ಅದಕ್ಕೇ ಎತ್ತಲಾಗಲಿಲ್ಲ ಅಂತ ಆಮೇಲೆ ಎಷ್ಟೋ ಜನ ಹೇಳಿದರು. ಹೇಳಿಕೊಳ್ಳಲಿ! ನಾನು ನೋಡಿದ್ದೇನೆ. ಕೈ ಎದ್ದಿತ್ತು. ಅಪ್ಪನೇ ಇಳಿಸಿದ. ಎತ್ತಿದ್ದರೆ ಯಾರಾದರೂ ಬಂದು ಹಿಡಿದೆಳೆಯುತ್ತಿದ್ದರೇನೋ. ಆದರೆ ಎತ್ತಿದ್ದರೆ ಅಕ್ಕ ಹಾರುತ್ತಿದ್ದಳು, ಆ ಕಂಬಿಗಳ ಮೇಲೆ.

ಅವ್ವ ಗಾರ್ಮೆಂಟ್ಸಿಗೆ ಸೇರಿ ನಮ್ಮನ್ನು ಸಾಕಿದಳು. ಊರಿಗೆ ಹೋಗಿಬಿಡೋಣ ಅಂದರೆ ಒಪ್ಪಲಿಲ್ಲ. ಜಡೆ ಹಾಕಲು ಕೂತಾಗ ಅವ್ವನ ಕೈ ತಾಗಿದರೆ ಅಕ್ಕ ಎದ್ದು ಹೋಗುತ್ತಿದ್ದಳು. ಕ್ವಾರಿ ತುಂಬುತ್ತಾ ತುಂಬುತ್ತಾ ಒಂದು ದಿನ ಬಯಲಾಯಿತು. ಬಯಲಿನ ಮೇಲೆ ಮನೆಗಳು ಎದ್ದವು. ಅಲ್ಲಿ ನೀರಿತ್ತು, ಬಂಡೆಯಿತ್ತು ಅಂದರೆ ಈಗ ಅಲ್ಲಿರುವವರೇ ನಂಬುವುದಿಲ್ಲ.

ನಿಮ್ಮ ಲೋಕ ಬೇರೆ. ನಿಮ್ಮ ಈಜುಕೊಳದ ತಳ ಮೇಲಿಂದಲೇ ಕಾಣುತ್ತದೆ. ಅಂಚಿನಲ್ಲಿ ಆಳ ಎಷ್ಟೆಂದು ಬಣ್ಣದಲ್ಲಿ ಬರೆದಿದ್ದಾರೆ. ಸೀಟಿ ಊದುವ ಕೋಚ್ ಇದ್ದಾನೆ, ಮುಳುಗಿದರೆ ಕೂಗುವ ಪಟ್ಟಿ ನಿಮ್ಮ ಮಣಿಕಟ್ಟಿನಲ್ಲಿದೆ. ನಿಮಗಾಗಿ ಯಾರೂ ಮೊದಲು ಹಾರಿ ತಳ ನೋಡಿ ಬರಬೇಕಿಲ್ಲ. ನನಗೆ ಅದು ಸಂತೋಷವೇ, ಹೊಟ್ಟೆ ತುಂಬುವಷ್ಟು ಸಂತೋಷ. ನಿಮ್ಮನ್ನು ಈಜಿಗೆ ಸೇರಿಸಲೇಬೇಕು ಅಂತ ಹಟ ಹಿಡಿದವಳು ಯಾರು ಗೊತ್ತೇ? ನಿಮ್ಮ ದೊಡ್ಡಜ್ಜಿ. ಅವತ್ತಿನಿಂದ ತಾನು ನೀರಿಗೆ ಇಳಿಯದವಳು.

ಅವಳು ಕೊಳದ ಅಂಚಿನಲ್ಲಿ ಕುರ್ಚಿ ಹಾಕಿಕೊಂಡು ಕೂತಿರುತ್ತಾಳೆ. ನೀವು ಡುಬುಕ್ಕೆಂದು ಮುಳುಗಿದ ಕೂಡಲೇ ಎದ್ದು ನಿಲ್ಲುತ್ತಾಳೆ, ಆ ವಯಸ್ಸಿನಲ್ಲಿ, ಆ ಮೊಣಕಾಲು ನೋವಿನಲ್ಲಿ. ಅವಳಿಗೆ ಗೆರೆ, ಬಣ್ಣ, ಪಟ್ಟಿ ಯಾವುದೂ ಬೇಡ. ನಾಳೆ ಹೋದಾಗ ನಗಬೇಡಿ. ನೀರಿನಿಂದ ತಲೆ ಹೊರಬಂದ ಕೂಡಲೇ ಅವಳ ಕಡೆ ತಿರುಗಿ ಕೈ ಎತ್ತಿ, ಪೂರ್ತಿ ಮೇಲಕ್ಕೆ, ಅವಳಿಗೆ ಕಾಣುವ ಹಾಗೆ. ಆಗಲೇ ಅವಳು ಕುರ್ಚಿಯಲ್ಲಿ ಕೂರುವುದು.