ಗೇಣಗಲದ ಹೊಗೆಡಬ್ಬಿ

ತಗಡಿನ ಅಂಗಡಿಯ ಹಿಂದಿನ ಕೋಣೆಗೆ ಬಾಗಿಲಿದ್ದದ್ದು ಅಂಗಡಿಯ ಒಳಗಿನಿಂದಲೇ. ಅಂಗಡಿಗೆ ಇದ್ದದ್ದು ಒಂದೇ ಶಟರ್. ಶಟರಿಗೆ ಒಂದೇ ಬೀಗ, ಬೀಗಕ್ಕೆ ಒಂದೇ ಕೀಲಿಕೈ, ಆ ಕೀಲಿಕೈ ಇರುತ್ತಿದ್ದದ್ದು ಭಾವನ ಸೊಂಟದಲ್ಲಿ. ಸಂಜೆ ಭಾವ ಶಟರ್ ಎಳೆದು, ಹೊರಗಿನಿಂದ ಬೀಗ ಜಡಿದು ತಮ್ಮ ಮನೆಗೆ ಹೊರಟರೆಂದರೆ, ಒಳಗೆ ಉಳಿದ ಗಂಡ ಹೆಂಡತಿಗೆ ಬೆಳಗಾಗುವ ತನಕ ಆ ಕೋಣೆಯೇ ಲೋಕ. ವಾರದ ರಜೆಯ ದಿನ ಬೆಳಗಾದರೂ ಬೀಗ ತೆಗೆಯುತ್ತಿರಲಿಲ್ಲ. ಸಂಜೆ ಭಾವ ಒಮ್ಮೆ ಬಂದು, ಇವರು ತರಕಾರಿ ತಂದುಕೊಳ್ಳುವ ತನಕ ಬಾಗಿಲಲ್ಲಿ ಕುರ್ಚಿ ಹಾಕಿ ಕೂತಿದ್ದು, ಮತ್ತೆ ಜಡಿದು ಹೋಗುತ್ತಿದ್ದರು.

ಭಾವ ಕೆಟ್ಟವರೇನಲ್ಲ. ಹಿಂದೊಮ್ಮೆ ಕಳ್ಳರು ನುಗ್ಗಿ ತಾಮ್ರದ ಹಾಳೆಯ ಸುರುಳಿಯನ್ನೇ ಹೊತ್ತೊಯ್ದಿದ್ದರು. ಅಂದಿನಿಂದ ಅವರ ನಿದ್ದೆ ಹಾರಿಹೋಗಿತ್ತು. ಹೆಂಡತಿಯ ತಮ್ಮನಾದ ಇವನಿಗೆ ಮದುವೆಯಾದ ಹೊಸದರಲ್ಲಿ, "ಹಿಂದಿನ ಕೋಣೆಯಲ್ಲಿ ಇದ್ಕೊಳ್ಳಿ. ಒಳಗೆ ಜನ ಇದ್ದಾರೆ ಅಂದ್ರೆ ನನಗೂ ಕಣ್ಣು ಮುಚ್ಚುತ್ತೆ," ಎಂದಿದ್ದರು. ಆಗ ಅದು ಉಪಕಾರದಂತೆ ಕಂಡಿತ್ತು.

ಓಣಿಯವರು ಅವನನ್ನು ಕರೆಯುತ್ತಿದ್ದದ್ದು ಆಲಿಕೆ ಎಂದು. ಮೀಸೆ ಮೂಡುವ ಮೊದಲೇ ಭಾವನ ಕೈಕೆಳಗೆ ಎಣ್ಣೆ ಸುರಿಯುವ ಆಲಿಕೆ ಮಾಡಲು ಕುಳಿತವನು, ಕಿವಿಯ ಮೇಲೆ ನರೆ ಬಂದರೂ ಅದನ್ನೇ ಮಾಡುತ್ತಿದ್ದ. ತಗಡು ಕತ್ತರಿಸು, ಸುತ್ತು, ಅಂಚಿಗೆ ಬೆಸುಗೆ ಹಾಕು, ಮುಂದಿನದು. ಎದುರಿನ ಸೈಕಲ್ ರಿಪೇರಿಯವನು ನಗುತ್ತಿದ್ದ: "ನೀನೂ ಆಲಿಕೆನೇ ಬಿಡು. ಮೇಲಿಂದ ಬೈಗುಳ ಸುರಿದ್ರೂ ಸರಿ, ಕೆಲಸ ಸುರಿದ್ರೂ ಸರಿ, ಒಳಗೆ ಏನೂ ನಿಲ್ಲಲ್ಲ."

ನಿಲ್ಲುತ್ತಿತ್ತು. ಯಾರಿಗೂ ಕಾಣುತ್ತಿರಲಿಲ್ಲ, ಅಷ್ಟೇ. ಬಾಯಿ ತೆರೆಯಬೇಕು ಎಂದುಕೊಂಡಾಗಲೆಲ್ಲ ಅವನಿಗೆ ಅಕ್ಕನ ಮುಖ ನೆನಪಾಗುತ್ತಿತ್ತು. ಅವ್ವ ತೀರಿಕೊಂಡ ಮೇಲೆ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅಕ್ಕ. ಅವಳ ಗಂಡನ ಎದುರು ನಿಂತು ಬೀಗದ ಮಾತು ಎತ್ತುವುದು ಹೇಗೆ? ಈಚೀಚೆಗೆ ಅಕ್ಕ ಊಟಕ್ಕೆ ಕರೆಯುವುದನ್ನೂ ಬಿಟ್ಟಿದ್ದಳು. ತನ್ನನ್ನು ಸಾಕಿ ಸಾಕಾಗಿರಬೇಕು ಎಂದು ಅವನು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದ.

ಹೀಗಿರುವಾಗ ಒಂದು ಮಧ್ಯಾಹ್ನ, ಭಾವ ಊಟಕ್ಕೆ ಹೋಗಿದ್ದ ಹೊತ್ತಿಗೆ, ಓಣಿಯ ಕೊನೆಯ ಊಟದ ಅಂಗಡಿಯ ಅಡುಗೆಯಮ್ಮ ಬಂದಳು. ದಪ್ಪ ದನಿಯ, ಸುಟ್ಟ ಕಲೆಗಳ ಕೈಯ ಹೆಂಗಸು.

"ಏನಪ್ಪಾ, ನಿನಗೆ ಆಲಿಕೆ ಬಿಟ್ಟು ಬೇರೆ ಏನಾದ್ರೂ ಬರುತ್ತಾ?"

"ಹೇಳಿ ಅಮ್ಮಾ."

"ಹೊಗೆಯಲ್ಲಿ ಮೀನು ಬೇಯಿಸೋ ಡಬ್ಬಿ ಬೇಕು. ಚಿಕ್ಕದು, ಒಂದು ಗೇಣು ಅಗಲ. ಕೆಳಗೆ ಇದ್ದಿಲ ಕೆಂಡ, ಅದರ ಮೇಲೆ ನೀರಿನ ಬಟ್ಟಲು, ಬಟ್ಟಲ ಮೇಲೆ ಜಾಲರಿ, ಜಾಲರಿ ಮೇಲೆ ಮೀನು. ಬೆಂಕಿ ಮುಟ್ಟಬಾರದು, ಹೊಗೆ ಮಾತ್ರ ಮುಟ್ಟಬೇಕು. ದೊಡ್ಡ ಗೂಡು ನಾನು ನೋಡಿದ್ದೀನಿ. ಒಂದು ಮೇಜಿಗೆ ಒಂದು ಇಡೋ ಅಂಥ ಪುಟ್ಟದು ಎಲ್ಲೂ ನೋಡಿಲ್ಲ."

ಅವಳು ಊರಿನ ಆ ತುದಿಯಲ್ಲಿ ಸ್ವಂತ ಊಟದ ಮನೆ ತೆರೆಯುವವಳಿದ್ದಳು. ಹಿತ್ತಲಲ್ಲಿ ಒಂದು ಶೆಡ್ ಖಾಲಿ ಇತ್ತು, ಮೊದಲು ಅಲ್ಲಿ ಒಬ್ಬ ದರ್ಜಿ ಇದ್ದನಂತೆ. "ಡಬ್ಬಿ ಸರಿ ಬಂದ್ರೆ ಅಲ್ಲೇ ಬಂದು ಇರಿ ನೀವಿಬ್ಬರೂ. ನನಗೂ ಮಾಡ್ಕೊಡು, ಬೇರೆಯವರಿಗೂ ಮಾಡ್ಕೊಂಡು ತಿನ್ನು. ಆದ್ರೆ ಮೊದಲು ಮೀನು ತಿಂದು ನೋಡ್ತೀನಿ. ಬಾಯಿಗೆ ರುಚಿ ಹತ್ತದೆ ಮಾತು ಕೊಡೋಳಲ್ಲ ನಾನು."

ಒಳಗಿನ ಕೋಣೆಯಲ್ಲಿ ಬಟ್ಟೆ ಮಡಚುತ್ತಿದ್ದ ಹೆಂಡತಿಯ ಕೈ ನಿಂತುಹೋಗಿತ್ತು. ಅಡುಗೆಯಮ್ಮ ಆಚೆ ಹೋದದ್ದೇ ತಡ, ಅವಳು ಬಾಗಿಲಿಗೆ ಬಂದಳು.

"ಆ ಶೆಡ್ಡಿಗೆ ಕಿಟಕಿ ಇದೆಯಾ ಅಂತ ಕೇಳಿದ್ರಾ?"

"ಕೇಳಲಿಲ್ಲ."

"ಕೇಳೋದನ್ನೇ ಕೇಳಲ್ಲ ನೀವು."

ಕೋಣೆಯ ಹಿಂದೆ ಒಂದು ಗಾಳಿಗುಂಡಿ ಇತ್ತು. ನಾಲ್ಕು ಕಡೆಯೂ ಗೋಡೆ, ಮೇಲೆ ಚಾಪೆಯಷ್ಟು ಆಕಾಶ. ಬಟ್ಟೆ ಒಣಗುವುದು, ಪಾತ್ರೆ ತೊಳೆಯುವುದು ಎಲ್ಲ ಅಲ್ಲೇ. ರಜೆಯ ದಿನ ಬೀಗದ ಒಳಗೆ ಕೂತು ಅವನು ಮೊದಲ ಡಬ್ಬಿ ಮಾಡಿದ್ದು ಅಲ್ಲಿ. ಸತುವಿನ ತಗಡು ಬೇಡ ಎಂದು ಮೊದಲೇ ಬದಿಗಿಟ್ಟಿದ್ದ. ಅದು ಕಾದರೆ ವಿಷದ ಹೊಗೆ ಬಿಡುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಕರಿ ಕಬ್ಬಿಣದ ತೆಳು ಹಾಳೆಯನ್ನು ಸುತ್ತಿ, ಎಲ್ಲ ಕೂಡುಗಳಿಗೂ ಬೆಸುಗೆ ಹಾಕಿದ. ಅಂಥ ಬೆಸುಗೆ ಅವನು ಭಾವನಿಗೂ ಹಾಕಿಕೊಟ್ಟಿರಲಿಲ್ಲ. ಬೆರಳಾಡಿಸಿದರೆ ಗಾಜಿನ ಹಾಗೆ.

ಕೆಂಡ ತುಂಬಿ, ಮೀನಿಟ್ಟು, ಮುಚ್ಚಳ ಹಾಕಿ ಇಬ್ಬರೂ ಕುಕ್ಕರುಗಾಲಲ್ಲಿ ಕೂತರು. ಸ್ವಲ್ಪ ಹೊತ್ತಿಗೆ ಡಬ್ಬಿಯ ಮೈಮೇಲೆ ಬೆಳ್ಳಗೆ ಹನಿಗಳು ಮೂಡಿದವು.

"ನಿಮ್ಮ ಬೆಸುಗೆಗೆ ಬೆವರು ಬರ್ತಿದೆ ನೋಡ್ರೀ," ಎಂದಳು ಹೆಂಡತಿ.

ಅವನು ಹಣೆ ಚಚ್ಚಿಕೊಳ್ಳುವಷ್ಟರಲ್ಲಿ ಕೂಡು ಬಾಯಿಬಿಟ್ಟು, ಡಬ್ಬಿ ಹೂವಿನಂತೆ ಅರಳಿ, ಮೀನು ಬೂದಿಯಲ್ಲಿ ಬಿದ್ದಿತ್ತು. ಜೀವಮಾನವೆಲ್ಲ ಬೆಸುಗೆ ಕರಗಿಸಿಯೇ ಅನ್ನ ತಿಂದವನಿಗೆ, ಬೆಂಕಿಯ ಡಬ್ಬಿಗೆ ಬೆಸುಗೆ ಹಾಕಬಾರದೆಂದು ಹೊಳೆದಿರಲಿಲ್ಲ. ಕೈಗೆ ಅದೊಂದೇ ದಾರಿ ಗೊತ್ತಿತ್ತು, ಕೈ ಅದೇ ದಾರಿಯಲ್ಲಿ ಹೋಗಿತ್ತು. ಹೆಂಡತಿ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಕ್ಕಳು. ನಕ್ಕು ನಕ್ಕು, ಇದ್ದಕ್ಕಿದ್ದಂತೆ ಅಳುವುದಕ್ಕೆ ಶುರು ಮಾಡಿದಳು. ಅವನು ಬೂದಿ ಗುಡಿಸಿದ.

ಎರಡನೆಯದಕ್ಕೆ ಬೆಸುಗೆಯ ಸುದ್ದಿಗೇ ಹೋಗಲಿಲ್ಲ. ಹಾಳೆಯ ಎರಡು ಅಂಚನ್ನೂ ಕೊಕ್ಕೆಯ ಹಾಗೆ ಮಡಚಿ, ಒಂದರೊಳಗೊಂದು ಸಿಕ್ಕಿಸಿ, ತಾನೇ ಕೆತ್ತಿಕೊಂಡಿದ್ದ ಮರದ ಕೊಡತಿಯಿಂದ ತಟ್ಟಿ ತಟ್ಟಿ ಕೂಡಿಸಿದ. ಹಿಡಿಗೂ ಕಾಲಿಗೂ ರಿವೆಟ್ ಹೊಡೆದ. ತಳದಲ್ಲಿ ಗಾಳಿಗೆ ತೂತು, ತೂತಿಗೆ ಜಾರುವ ಮುಚ್ಚಳ. ಮೇಲೆ ಹೆಬ್ಬೆರಳು ಗಾತ್ರದ ಹೊಗೆಕೊಳವೆ, ಅದಕ್ಕೂ ತಿರುಗುವ ಬಿಲ್ಲೆ. ಡಬ್ಬಿ ಬಿಚ್ಚಿಕೊಳ್ಳಲಿಲ್ಲ. ಆದರೆ ಒಂದು ತೊಟ್ಟೂ ಸೋರದ ಹಾಗೆ ಮಾಡಿ ಅಭ್ಯಾಸವಾದ ಅವನು, ಹೊಗೆ ಪೋಲಾಗದಿರಲೆಂದು ಕೊಳವೆಯ ಬಿಲ್ಲೆ ಮುಚ್ಚಿಯೇ ಇಟ್ಟಿದ್ದ. ಕೆಂಡ ಸತ್ತಿತು. ಮೀನು ಕಹಿಯಾಗಿ, ನಾಲಿಗೆಯ ಮೇಲೆ ಮಸಿ ಬಳಿದಂತಾಯಿತು.

ಮಾರನೆಯ ದಿನ ಅಡುಗೆಯಮ್ಮನಿಗೆ ಅದನ್ನು ತಗ್ಗಿದ ದನಿಯಲ್ಲಿ ಹೇಳಿದ.

"ಅಯ್ಯೋ ಮಾರಾಯ, ಹೊಗೆಯನ್ನ ಕೂಡಿಹಾಕ್ತಾರಾ?" ಎಂದಳು ಅವಳು. "ಬರಬೇಕು, ಮುಟ್ಟಬೇಕು, ಹೋಗಬೇಕು. ನಿಂತ್ರೆ ಕೊಳೆಯುತ್ತೆ. ಕೊಳವೆ ಬಾಯಿ ತೆರೆದಿಡು, ಗಾಳಿಯನ್ನ ಕೆಳಗಿನ ತೂತಲ್ಲಿ ಹಿಡಿತದಲ್ಲಿಟ್ಕೋ. ಹಣ್ಣಿನ ಮರದ ಒಣ ಚೂರು ಹಾಕು, ಎಲೆ ತೊಗಟೆ ಬೇಡ. ದಟ್ಟ ಬಿಳಿ ಹೊಗೆ ಬಂದ್ರೆ ಮೀನಿಡಬೇಡ, ಕಾಯಿ. ತೆಳ್ಳಗೆ, ನೀಲಿ ಬಣ್ಣಕ್ಕೆ ತಿರುಗಿದ ಮೇಲೆ ಇಡು. ಬರೋ ರಜೆಗೆ ಸಂಜೆ ಬರ್ತೀನಿ. ಅಷ್ಟರಲ್ಲಿ ಆಗಲಿಲ್ಲ ಅಂದ್ರೆ ಶೆಡ್ಡನ್ನ ಬೇರೆಯವರಿಗೆ ಕೊಡ್ತೀನಿ ನೋಡು. ಬೇಜಾರು ಮಾಡ್ಕೋಬೇಡ."

ಆ ರಜೆಯ ದಿನ ಮಧ್ಯಾಹ್ನ ಡಬ್ಬಿ ಉಸಿರಾಡತೊಡಗಿತು. ಹಾಗೆಂದವಳು ಹೆಂಡತಿ. ಕೆಳಗಿನ ತೂತಿನ ಬಳಿ ಕಿವಿಯಿಟ್ಟರೆ ಸಣ್ಣಗೆ ಗಾಳಿ ಎಳೆಯುವ ಸದ್ದು, ಕೊಳವೆಯ ಬಾಯಲ್ಲಿ ನೂಲಿನಂಥ ನೀಲಿ ಹೊಗೆ. ನೀರಿನ ಬಟ್ಟಲಿಗೆ ಮೀನಿನ ಎಣ್ಣೆ ತೊಟ್ಟಿಕ್ಕುತ್ತಿತ್ತು. ಅವನು ಮುಚ್ಚಳ ತೆಗೆದು ನೋಡುವ ಆಸೆಯನ್ನು ಹಲ್ಲುಕಚ್ಚಿ ತಡೆದುಕೊಂಡ. ಹೊತ್ತು ಹೋಗುತ್ತಿದ್ದಂತೆ ಹೆಂಡತಿ ಕೆಮ್ಮಿದಳು. ಆಮೇಲೆ ಅವನೂ ಕೆಮ್ಮಿದ.

"ರೀ, ಮೇಲೆ ನೋಡಿ."

ಆಕಾಶ ಇರಲಿಲ್ಲ. ಪಾರಿವಾಳದ ಕಾಟಕ್ಕೆ ಬೇಸತ್ತು ಮೇಲಿನ ಮನೆಯವರು ಬೆಳಿಗ್ಗೆಯೇ ಗುಂಡಿಯ ಬಾಯಿಗೆ ನೀಲಿ ಟಾರ್ಪಾಲು ಬಿಗಿದು ಹೊರಗೆ ಹೋಗಿದ್ದರು. ಇಷ್ಟು ಹೊತ್ತು ಅದರ ನೆರಳನ್ನು ಇವರು ಮೋಡವೆಂದುಕೊಂಡಿದ್ದರು. ಮೇಲೆ ಹೋದ ಹೊಗೆಯೆಲ್ಲ ಅಲ್ಲಿಂದ ತಿರುಗಿ ಇಳಿದು, ಕೋಣೆಯನ್ನು ತುಂಬಿ, ಅಂಗಡಿಯನ್ನೂ ತುಂಬುತ್ತಿತ್ತು. ಅವನು ನೀರಿನ ಚೊಂಬು ಎತ್ತಿದವನು ಅಲ್ಲೇ ಕೈ ತಡೆದ. ಕೆಂಡಕ್ಕೆ ನೀರು ಬಿದ್ದರೆ ಉಗಿಯೂ ಬೂದಿಯೂ ಎದ್ದು ಇನ್ನೂ ಉಸಿರು ಕಟ್ಟುತ್ತದೆ. ಕೆಳಗಿನ ಮುಚ್ಚಳ ಜಾರಿಸಿದ, ಮೇಲಿನ ಬಿಲ್ಲೆ ತಿರುಗಿಸಿದ. ಡಬ್ಬಿ ಬಾಯಿ ಮುಚ್ಚಿಕೊಂಡಿತು. ಮಡಚಿ ತಟ್ಟಿದ ಕೂಡಿನಿಂದ ಒಂದು ಎಳೆ ಹೊಗೆಯೂ ಹೊರಗೆ ಬರಲಿಲ್ಲ.

ಆದರೆ ಒಳಗಿದ್ದ ಹೊಗೆ ಹೋಗುವುದೆಲ್ಲಿಗೆ? ಇಬ್ಬರೂ ಶಟರಿನ ಬಳಿಗೆ ಓಡಿ, ನೆಲಕ್ಕೆ ಮುಖ ಹಚ್ಚಿ, ಸಂದಿಯ ಗಾಳಿ ಎಳೆದುಕೊಂಡರು. ಹೆಂಡತಿ ಎರಡೂ ಅಂಗೈಯಿಂದ ತಗಡು ಬಡಿದಳು. ಅವನೂ ಬಡಿದ. ಕೂಗಿದವಳು ಹೆಂಡತಿಯೊಬ್ಬಳೇ. ಅವನದು ಅಷ್ಟು ವರ್ಷ ಕೂಗದ ಗಂಟಲು.

"ಯಾರ್ರೀ ಒಳಗೆ?" ಸೈಕಲ್ ರಿಪೇರಿಯವನ ದನಿ.

"ನಾವು ಕಣಣ್ಣ," ಎಂದಳು ಹೆಂಡತಿ.

"ರಜೆ ದಿನ ಒಳಗೇನ್ ಮಾಡ್ತಿದ್ದೀರಿ? ಬೀಗ ಹೊರಗಿದೆಯಲ್ಲ."

"ಯಾವಾಗ್ಲೂ ಹೊರಗೇ ಇರುತ್ತೆ. ಮೊದಲು ಒಡೀರಿ, ಆಮೇಲೆ ಮಾತಾಡಿ."

ಸರಳು ಬೀಗಕ್ಕೆ ಸಿಕ್ಕಿತು, ಒಂದು ಸಲ, ಇನ್ನೊಂದು ಸಲ. ಶಟರ್ ಮೇಲೆದ್ದಾಗ ಹೊಗೆಯ ಜೊತೆಗೆ ಇಬ್ಬರೂ ಬೀದಿಗೆ ಉರುಳಿದರು. ಜನ ಸೇರಿತು. ಯಾರೋ ನೀರು ಕೊಟ್ಟರು. ಸುದ್ದಿ ಮುಟ್ಟಿ ಭಾವ ಅಂಗಿಯ ಗುಂಡಿ ಹಾಕದೆಯೇ ಬಂದರು, ಹಿಂದೆಯೇ ಅಕ್ಕ.

ಭಾವ ಮೊದಲು ಅಂಗಡಿಯೊಳಗೆ ಹೋಗಿ ತಾಮ್ರದ ಸುರುಳಿ ನೋಡಿದರು. ಆಮೇಲೆ ಬೀಗ ನೋಡಿದರು. "ಯಾವನೋ ಒಡೆದದ್ದು ಇದನ್ನ?"

"ನಾನೇ. ಇನ್ನೇನು ಅವರನ್ನೂ ಮೀನಿನ ಜೊತೆಗೆ ಬೇಯಿಸಬೇಕಿತ್ತಾ?" ಎಂದ ಸೈಕಲ್ ರಿಪೇರಿಯವನು.

ಅಕ್ಕ ತಮ್ಮನ ಮಸಿ ಹಿಡಿದ ಮುಖ ಒರೆಸುತ್ತಿದ್ದವಳು ತಲೆಯೆತ್ತಿದಳು. "ಇವರು ಒಳಗಿದ್ದಾಗ ಹೊರಗಿಂದ ಬೀಗ ಹಾಕಿದ್ರಾ?"

ಭಾವ ಒಡೆದ ಬೀಗವನ್ನು ಕೈಯಲ್ಲಿ ತಿರುವಿದರು.

"ಪ್ರತಿ ರಜೆಗೂ ಊಟಕ್ಕೆ ಕರ್ಕೊಂಡು ಬನ್ನಿ ಅಂತ ಹೇಳಿ ಕಳಿಸ್ತಿದ್ದೆನಲ್ಲ. ಅವರು ಎಲ್ಲೋ ಸುತ್ತೋಕೆ ಹೋಗಿದ್ದಾರೆ ಅಂತಿದ್ರಿ. ಇದೇನಾ ಸುತ್ತೋದು?" ಆಮೇಲೆ ಇವನ ಕಡೆ ತಿರುಗಿದಳು. "ನಿನಗೂ ಬಾಯಿ ಇರಲಿಲ್ವೇನೋ?"

ಅವನು ಯಾರ ಮುಖ ನೋಡಿಕೊಂಡು ಇಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದನೋ, ಆ ಮುಖ ಈಗ ಅವನನ್ನೇ ಗದರುತ್ತಿತ್ತು.

ಭಾವ ಒಡೆದ ಬೀಗವನ್ನು ಜೇಬಿಗಿಳಿಸಿದರು. "ಆದದ್ದಾಯ್ತು. ನಾನು ಹೊಸ ಬೀಗ ತರ್ತೀನಿ. ಅಲ್ಲಿ ತನಕ ಶಟರ್ ಹಾಗೇ ಇರುತ್ತೆ. ಎಲ್ಲೂ ಹೋಗಬೇಡ, ಅಂಗಡಿ ನೋಡ್ಕೊಂಡು ಕೂತಿರು."

ಜನ ಕರಗಿತು. ಅಕ್ಕನೂ ಗಂಡನ ಹಿಂದೆಯೇ, ಏನೋ ಒಂದೇ ಸಮನೆ ಹೇಳುತ್ತ ಹೋದಳು. ಬಾಗಿಲು ಬಾಯ್ತೆರೆದುಕೊಂಡಿತ್ತು. ಬೀಗವಿರಲಿಲ್ಲ. ಆದರೂ ಅವನು ಸ್ಟೂಲಿನ ಮೇಲೆ ಕೂತೇ ಇದ್ದ. ಕಾಲು ಬೀದಿಯ ಕಡೆ, ಕಣ್ಣು ಸುರುಳಿಯ ಕಡೆ.

ಅಡುಗೆಯಮ್ಮ ಬಂದಾಗ ಅಂಗಡಿಯಲ್ಲಿ ಹೊಗೆಯ ವಾಸನೆ ಇನ್ನೂ ಇತ್ತು. ಹೆಂಡತಿ ಡಬ್ಬಿ ತಂದಿಟ್ಟಳು. ಡಬ್ಬಿಯ ಬಾಯಿ ಮುಚ್ಚುವ ಮೊದಲೇ ನೀಲಿ ಹೊಗೆಯಲ್ಲಿ ಬೆಂದು ಮುಗಿದಿದ್ದ ಮೀನು, ಮುಚ್ಚಳ ತೆಗೆದಾಗ ಜೇನುಬಣ್ಣಕ್ಕೆ ತಿರುಗಿ, ಮೈಯೆಲ್ಲ ಮಿನುಗುತ್ತಿತ್ತು. ಅಡುಗೆಯಮ್ಮ ಒಂದು ಚೂರು ಮುರಿದು, ಕಣ್ಣುಮುಚ್ಚಿ ಅಗಿದಳು. ಇನ್ನೊಂದು ಚೂರು ಮುರಿದಳು. ಮೂರನೆಯದಕ್ಕೆ ಕೈ ಹಾಕಿದಾಗ ಹೆಂಡತಿ, "ಅಮ್ಮಾ, ನಾವೂ ತಿಂದಿಲ್ಲ," ಎಂದಳು. "ಆ ಶೆಡ್ಡಿಗೆ ಕಿಟಕಿ ಇದೆಯಾ?"

"ಶೆಡ್ಡು ಇನ್ನು ನಿಮ್ಮದೇ. ಎರಡು ಕಿಟಕಿ ಇವೆ," ಎಂದಳು ಅಡುಗೆಯಮ್ಮ, ಬಾಯಿ ಒರೆಸಿಕೊಳ್ಳುತ್ತ. "ಒಂದು ಸರಿಯಾಗಿ ಮುಚ್ಚಲ್ಲ."

"ಮುಚ್ಚದಿದ್ರೂ ಪರವಾಗಿಲ್ಲ," ಎಂದಳು ಹೆಂಡತಿ.

ಅಡುಗೆಯಮ್ಮ ಹೋದ ಮೇಲೆ ಗಂಡ ಹೆಂಡತಿ ಉಳಿದ ಮೀನನ್ನು ತಿಂದು ಮುಗಿಸಿದರು. ಹೆಂಡತಿ ಎದ್ದು ಒಳಗೆ ಹೋಗಿ ಎರಡು ಚೀಲ ತುಂಬಿ ತಂದಳು. "ಹೊರಡೋಣ್ವಾ?"

"ಅಂಗಡಿ ತೆರೆದು ಬಿಟ್ಟು ಹೇಗೆ ಹೋಗೋದು?"

"ಗೊತ್ತಿತ್ತು ಹೀಗೇ ಅಂತೀರಿ ಅಂತ."

"ಅಲ್ಲ ಕಣೇ. ಭಾವ ಬರಲಿ." ಅವನು ಗೋಡೆಯ ಮೊಳೆಯಿಂದ ಕೊಡತಿ ತೆಗೆದು ಚೀಲಕ್ಕೆ ಹಾಕಿದ. ಉಳಿದ ಹತಾರಗಳು ಅಂಗಡಿಯವು. ಒಂದೊಂದನ್ನೇ ಒರೆಸಿ ಅದರದರ ಜಾಗದಲ್ಲಿ ತೂಗುಹಾಕಿದ. ಅರ್ಧ ಸುತ್ತಿಟ್ಟಿದ್ದ ಆಲಿಕೆಗೆ ಬೆಸುಗೆ ಹಾಕಿ ಮುಗಿಸಿದ. ಮತ್ತೆ ಬಂದು ಸ್ಟೂಲಿನ ಮೇಲೆ ಕೂತ. ಹೇಳಬೇಕಾದ ಮಾತು ಬಾಯೊಳಗೆ ಉರುಳಾಡುತ್ತಿತ್ತು. ಹೇಳುತ್ತೇನೋ ಇಲ್ಲವೋ ಎಂದು ಅವನಿಗೇ ನಂಬಿಕೆ ಇರಲಿಲ್ಲ. ಹೆಂಡತಿಗಂತೂ ಇರಲೇ ಇಲ್ಲ. ಅವಳು ಚೀಲದ ಹಿಡಿಯನ್ನು ಬಿಗಿಯಾಗಿ ಹಿಡಿದು, ಅವನ ಮುಖವನ್ನೇ ನೋಡುತ್ತಿದ್ದಳು.

ದೀಪ ಹಚ್ಚುವ ಹೊತ್ತಿಗೆ ಭಾವ ಬಂದರು. ಕೈಯಲ್ಲಿ ಕಾಗದ ಸುತ್ತಿದ ಹೊಸ ಬೀಗ. ಮೊದಲಿನದಕ್ಕಿಂತ ದೊಡ್ಡದು.

"ಸರಿ, ಒಳಗೆ ನಡೀರಿ. ಜಡೀತೀನಿ," ಎಂದರು ಅಭ್ಯಾಸಬಲದಿಂದ.

ಅವನು ಎದ್ದ. ಸ್ಟೂಲನ್ನು ಒಳಗಿಟ್ಟ. ಬಿಸಿ ಆರಿದ ಡಬ್ಬಿಯನ್ನು ಕಂಕುಳಲ್ಲಿ, ಒಂದು ಚೀಲವನ್ನು ಕೈಯಲ್ಲಿ ಹಿಡಿದು, ಹೆಂಡತಿಗೆ ಕಣ್ಣುಸನ್ನೆ ಮಾಡಿ ಬೀದಿಗೆ ಇಳಿದ. ಎರಡೂ ಕೈಯಿಂದ ಶಟರನ್ನು ಕೆಳಗೆ ಎಳೆಯಬೇಕಾಗಿ ಬಂದಾಗ ಡಬ್ಬಿಯನ್ನು ಹೆಂಡತಿಯ ಕೈಗೆ ಕೊಟ್ಟ. ಶಟರ್ ನೆಲ ಮುಟ್ಟಿತು.

"ಹಾಕಿ ಭಾವ," ಎಂದ. "ನಾವು ಈ ಕಡೆ ಇದ್ದೀವಿ."

ಭಾವ ಬೀಗ ಹಿಡಿದು ಬಗ್ಗಿದವರು ಬಗ್ಗಿದಂತೆಯೇ ಉಳಿದರು. "ಒಳಗೆ ಯಾರು ಇರ್ತಾರೆ ಮತ್ತೆ?"

ಅವನು ಚೀಲವನ್ನು ಹೆಗಲಿಗೇರಿಸಿದ. ಹೆಂಡತಿ ಆಗಲೇ ನಾಲ್ಕು ಹೆಜ್ಜೆ ಮುಂದಿದ್ದಳು. ಅವಳ ಕೈಯ ಡಬ್ಬಿಯಿಂದ ತಣ್ಣಗಿನ ಹೊಗೆಯ ವಾಸನೆ ಓಣಿಯುದ್ದಕ್ಕೂ ಅವರ ಜೊತೆಗೇ ಬರುತ್ತಿತ್ತು.